ಹಳೆಯ ಪತ್ರಿಕೆಗಳ 8.35 ಟಿಬಿ: ಡಿಸ್ಕಿಗೆ ಯಾವುದು, ಕ್ಲೌಡಿಗೆ ಯಾವುದು – ನನ್ನ ಅನುಭವ

ಹಳೆಯ ಕನ್ನಡ ಪತ್ರಿಕೆಗಳ ಸಂಪುಟಗಳನ್ನು ಸ್ಕ್ಯಾನ್ ಮಾಡಿ ಮುಗಿಸಿದ ಮೇಲೆ ಎಲ್ಲರೂ ಮೊದಲು ಕೇಳುವುದು ‘ಟೆರಾಬೈಟಿಗೆ ಎಷ್ಟು?’ ಎಂದು. ನಾನು ಅದನ್ನು ಕೊನೆಗೆ ಇಟ್ಟುಕೊಂಡೆ. ಅದಕ್ಕಿಂತ ಮುಂಚೆ ಉತ್ತರ ಬೇಕಾದ ಪ್ರಶ್ನೆಗಳು ಎರಡು. ಒಂದು ಪ್ರತಿ ಕೆಟ್ಟರೆ ಅದು ಕೆಟ್ಟಿದೆಯೆಂದು ಗೊತ್ತಾಗುವುದು ಹೇಗೆ? ಎಲ್ಲವನ್ನೂ ವಾಪಸ್ ತರಬೇಕಾದರೆ ಎಷ್ಟು ದಿನ, ಎಷ್ಟು ಹಣ?

ಲೆಕ್ಕ ಪುಟದಿಂದಲೇ ಶುರುವಾಗಬೇಕು. ಎ4 ಪುಟವನ್ನು 400 ಡಿಪಿಐ (ಇಂಚಿಗೆ 400 ಚುಕ್ಕಿ), 24 ಬಿಟ್ ಬಣ್ಣದಲ್ಲಿ ತೆಗೆದರೆ 3308 × 4676 ಪಿಕ್ಸೆಲ್. ಕುಗ್ಗಿಸದ ಟಿಫ್ ಚಿತ್ರದ ಫೈಲ್ ಸುಮಾರು 46.4 ಎಂಬಿ. 1.8 ಲಕ್ಷ ಪುಟಕ್ಕೆ 8.35 ಟಿಬಿ. 600 ಡಿಪಿಐಗೆ ಹೋದರೆ ಪುಟಕ್ಕೆ 104 ಎಂಬಿ, ಅಂದರೆ ಎರಡೂಕಾಲು ಪಟ್ಟು. ಹಳೆಯ ನ್ಯೂಸ್‌ಪ್ರಿಂಟಿನ ಅಚ್ಚಿಗೆ 400 ಸಾಕೆಂದು ನಿರ್ಧರಿಸಿದೆವು. ಓದುಗರಿಗೆ ಕೊಡುವ ಪಿಡಿಎಫ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಮೂಲ ಟಿಫ್‌ನಿಂದ ಯಾವಾಗ ಬೇಕಾದರೂ ಮತ್ತೆ ಮಾಡಬಹುದು.

ಒಟ್ಟು ಮೂರು ಪ್ರತಿ ಇಟ್ಟಿದ್ದೇವೆ. ಮೊದಲ ಪ್ರತಿ ಕಚೇರಿಯಲ್ಲೇ ಇದೆ. ನಾಲ್ಕು 8 ಟಿಬಿ ಡಿಸ್ಕ್, ಫೈಲುಗಳನ್ನು ನೋಡಿಕೊಳ್ಳುವ ಝಡ್‌ಎಫ್‌ಎಸ್ ಎಂಬ ವ್ಯವಸ್ಥೆ, ಅದರಲ್ಲಿ ಡಿಸ್ಕುಗಳನ್ನು ಒಂದಾಗಿ ಜೋಡಿಸುವ ರೇಡ್-ಝಡ್2 ವಿಧಾನ. ಎರಡು ಡಿಸ್ಕ್ ಒಟ್ಟಿಗೆ ಸತ್ತರೂ ದತ್ತಾಂಶ ಉಳಿಯುತ್ತದೆ, ಬಳಕೆಗೆ ಸಿಗುವುದು ಸುಮಾರು 16 ಟಿಬಿ. ಸಾಮಾನ್ಯ ರೇಡ್‌ನಲ್ಲಿ ಎರಡು ಪ್ರತಿಗಳು ಬೇರೆ ಬೇರೆ ಹೇಳಿದರೆ ಯಾವುದು ಸರಿ ಎಂದು ಅದಕ್ಕೇ ಗೊತ್ತಿರುವುದಿಲ್ಲ. ಝಡ್‌ಎಫ್‌ಎಸ್ ಪ್ರತಿ ಬ್ಲಾಕಿಗೂ ಚೆಕ್‌ಸಮ್, ಅಂದರೆ ಒಳಗಿನ ದತ್ತಾಂಶದಿಂದ ಲೆಕ್ಕ ಹಾಕಿದ ಪರೀಕ್ಷಾ ಸಂಖ್ಯೆ, ಇಟ್ಟುಕೊಂಡಿರುತ್ತದೆ. ತಿಂಗಳಿಗೊಮ್ಮೆ ಸ್ಕ್ರಬ್ ಎಂಬ ಪೂರ್ತಿ ತಪಾಸಣೆ ಓಡಿಸಿದರೆ ಕೆಟ್ಟ ಬ್ಲಾಕನ್ನು ಹುಡುಕಿ ಒಳ್ಳೆಯದರಿಂದ ಸರಿಮಾಡುತ್ತದೆ. ಡಿಸ್ಕ್ ಕೊಳ್ಳುವಾಗ ಸಿಎಂಆರ್ (ಟ್ರ್ಯಾಕ್‌ಗಳು ಪಕ್ಕಪಕ್ಕ ಇರುವ ಬಗೆ) ಎಂದು ಖಚಿತಪಡಿಸಿಕೊಳ್ಳಿ. ಎಸ್‌ಎಂಆರ್ ಡಿಸ್ಕಿನಲ್ಲಿ ಟ್ರ್ಯಾಕ್‌ಗಳು ಹೆಂಚಿನಂತೆ ಒಂದರ ಮೇಲೊಂದು ಕೂತಿರುತ್ತವೆ. ಸತ್ತ ಡಿಸ್ಕಿನ ಬದಲಿಗೆ ಅದನ್ನು ಹಾಕಿದರೆ ಮರುತುಂಬುವ ಕೆಲಸ ದಿನಗಟ್ಟಲೆ ಎಳೆಯುತ್ತದೆ, ಅಷ್ಟರಲ್ಲಿ ಇನ್ನೊಂದು ಡಿಸ್ಕ್ ಹೋಗುವ ಅಪಾಯವಿದೆ. ಯುಪಿಎಸ್ ಬರೀ ಬ್ಯಾಟರಿಯಾಗಿ ಇದ್ದರೆ ಸಾಲದು. ಯುಎಸ್‌ಬಿ ತಂತಿಯಿಂದ ಸರ್ವರಿಗೆ ಸೂಚನೆ ಕೊಟ್ಟು ತಾನಾಗಿ ಬಂದ್ ಮಾಡಿಸಬೇಕು. ರಾತ್ರಿ ಕರೆಂಟ್ ಹೋದಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಕನ್ನಡ ಸಂಗ್ರಹಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಫೈಲಿನ ಹೆಸರು. ‘ಲೋಕ’ ಎಂಬಲ್ಲಿನ ಓಕಾರದ ಚಿಹ್ನೆಯನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರನ್ನು ತಾನೇ ಬಿಡಿಸಿ ಬರೆದುಕೊಳ್ಳುತ್ತದೆ. ಅಲ್ಲಿಂದ ಲಿನಕ್ಸ್‌ಗೆ ಬಂದ ಫೈಲನ್ನು ನಮ್ಮ ಹೆಸರುಗಳ ಪಟ್ಟಿಯೊಡನೆ ಹೋಲಿಸಿದರೆ ‘ಫೈಲ್ ಇಲ್ಲ’ ಎಂಬ ದೋಷ ಸಾಲುಸಾಲಾಗಿ ಬರುತ್ತದೆ. ಫೈಲ್ ಕಣ್ಣೆದುರೇ ಇರುತ್ತದೆ. ಇನ್ನೊಂದು ತೊಡಕು ಉದ್ದದ್ದು. ಲಿನಕ್ಸ್‌ನಲ್ಲಿ ಹೆಸರಿನ ಮಿತಿ 255 ಬೈಟ್, ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ‘ಸ್ತ್ರೀ’ ಒಂದೇ ಅಕ್ಷರವೆನಿಸಿದರೂ ಆರು ಸಂಕೇತ, 18 ಬೈಟ್. ಪತ್ರಿಕೆ, ಸಂಚಿಕೆ, ಲೇಖನದ ಶೀರ್ಷಿಕೆ ಎಲ್ಲ ಸೇರಿಸಿದರೆ ಮಿತಿ ಬೇಗ ಮುಟ್ಟುತ್ತದೆ. ಹಾಗಾಗಿ ಫೈಲಿನ ಹೆಸರಿಗೆ ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಅಡಿಗೆರೆ ಮಾತ್ರ. ಕನ್ನಡ ಶೀರ್ಷಿಕೆಗಳೆಲ್ಲ ಜೊತೆಗಿರುವ ವಿವರಪಟ್ಟಿಯಲ್ಲಿ, ಕೂಡಿಸಿದ ರೂಪದಲ್ಲಿ, ಅಂದರೆ ಎನ್‌ಎಫ್‌ಸಿಯಲ್ಲಿ. ಇದನ್ನು ಸ್ಕ್ಯಾನಿಂಗ್ ಶುರುವಾಗುವ ಮೊದಲೇ ತೀರ್ಮಾನಿಸಿ. ಲಕ್ಷ ಫೈಲ್ ಆದಮೇಲೆ ಹೆಸರು ಬದಲಿಸುವುದು ಬಲು ಯಾತನೆ.

ಪ್ರತಿ ಸಂಪುಟವನ್ನೂ ಬ್ಯಾಗಿಟ್ ಪದ್ಧತಿಯಲ್ಲಿ ಕಟ್ಟುತ್ತೇವೆ: ಒಳಗೊಂದು ದತ್ತಾಂಶದ ಫೋಲ್ಡರ್, ಹೊರಗೆ ಪ್ರತಿ ಫೈಲಿನ ಶಾ-256 ಚೆಕ್‌ಸಮ್ ಮೊತ್ತಗಳ ಪಟ್ಟಿ. ಮೊತ್ತವನ್ನು ಸ್ಕ್ಯಾನರ್ ಪಕ್ಕದ ಕಂಪ್ಯೂಟರಿನಲ್ಲೇ, ಮೊದಲ ನಕಲಿಗೂ ಮುಂಚೆ ತೆಗೆಯಬೇಕು. ನಕಲು ಮಾಡುವಾಗ ಕೆಟ್ಟ ಫೈಲಿಗೆ ಆಮೇಲೆ ಮೊತ್ತ ತೆಗೆದರೆ ಆ ಕೇಡಿಗೇ ಮೊಹರು ಹಾಕಿದಂತೆ.

ಎರಡನೇ ಪ್ರತಿ 10 ಟಿಬಿಯ ಒಂಟಿ ಡಿಸ್ಕಿನಲ್ಲಿ, ಬೇರೆ ಊರಿನಲ್ಲಿ. ಅಂಥ ಡಿಸ್ಕ್ ಎರಡಿವೆ, ಮೂರು ತಿಂಗಳಿಗೊಮ್ಮೆ ಅದಲುಬದಲಾಗುತ್ತವೆ. ಪೆಟ್ಟಿಗೆಯಲ್ಲಿ ಬರುವ ಯುಎಸ್‌ಬಿ ಡ್ರೈವ್ ಬದಲು ಬರಿಯ ಡಿಸ್ಕ್ ಮತ್ತು ಅದನ್ನು ಕಂಪ್ಯೂಟರಿಗೆ ಸಿಕ್ಕಿಸುವ ಡಾಕ್ ಕೊಂಡೆವು. ಕೆಲವು ಪೆಟ್ಟಿಗೆಗಳ ಸರ್ಕ್ಯೂಟ್ ಬೋರ್ಡ್ ದತ್ತಾಂಶವನ್ನು ತಾನೇ ಗೂಢಲಿಪಿಗೆ ತಿರುಗಿಸುತ್ತದೆ. ಬೋರ್ಡ್ ಸುಟ್ಟರೆ ಒಳಗಿನ ಡಿಸ್ಕ್ ಚೆನ್ನಾಗಿದ್ದರೂ ಓದಲಾಗುವುದಿಲ್ಲ. ಡಿಸ್ಕಿಗೆ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಬೇಡ, ಅದಕ್ಕೆ ಜರ್ನಲ್ (ಬರೆಯುವಾಗ ನಡುವೆ ನಿಂತರೆ ಸರಿಪಡಿಸಿಕೊಳ್ಳಲು ನೆರವಾಗುವ ದಾಖಲೆ) ಇಲ್ಲ. ಎಸ್‌ಎಸ್‌ಡಿಯಂತೂ ಬೇಡವೇ ಬೇಡ: ಕರೆಂಟಿಲ್ಲದೆ ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟರೆ ಅದರೊಳಗಿನ ವಿದ್ಯುದಂಶ ಸೋರುತ್ತದೆ. ದತ್ತಾಂಶ ಇಡುವ ಎಲ್‌ಟಿಓ ಕಾಂತೀಯ ಟೇಪ್ ಒಳ್ಳೆಯ ಮಾಧ್ಯಮ, ಆದರೆ ಡ್ರೈವಿಗೇ ಲಕ್ಷಗಟ್ಟಲೆ ಬೇಕು. ಹತ್ತು ಟಿಬಿಗೆ ಅದು ಹೊರೆ.

ಮೂರನೆಯದು ಕ್ಲೌಡ್, ಬೆಂಕಿ ಮತ್ತು ನೆರೆಗಾಗಿ ಮಾತ್ರ. ಅಮೆಜಾನಿನ ಎಸ್3 ಸಂಗ್ರಹ ಸೇವೆಯಲ್ಲಿ ಅಪರೂಪಕ್ಕೆ ತೆಗೆಯುವ ದತ್ತಾಂಶಕ್ಕೆಂದೇ ಇರುವ ಗ್ಲೇಸಿಯರ್ ಡೀಪ್ ಆರ್ಕೈವ್ ಆರಿಸಿದೆವು, ಮುಂಬೈ ವಲಯ. ಇಡುವ ಬಾಡಿಗೆ ತೀರಾ ಕಡಿಮೆ. ಹಣ ಹೋಗುವುದು ಹೊರತರುವಾಗ: ಇಂಟರ್‌ನೆಟ್ ಮೂಲಕ ಗಿಗಾಬೈಟಿಗೆ ಸುಮಾರು 11 ಸೆಂಟ್, 8.35 ಟಿಬಿಗೆ 900 ಡಾಲರ್ ಆಸುಪಾಸು. ತಿಂಗಳಿಗೊಮ್ಮೆ ಪರೀಕ್ಷಿಸಬೇಕಾದ ಪ್ರತಿಯನ್ನು ಇಲ್ಲಿ ಇಡಲಾಗದು. ಆ ಕೆಲಸ ಕಚೇರಿಯ ಪ್ರತಿಯದು. ಕನಿಷ್ಠ ಅವಧಿ 180 ದಿನ, ಮೊದಲೇ ಅಳಿಸಿದರೂ ಬಾಡಿಗೆ ಕೊಡಬೇಕು. ಆದ್ದರಿಂದ ಮರುಸ್ಕ್ಯಾನ್ ಆಗಬಹುದಾದ ಸಂಪುಟವನ್ನು ಕಳಿಸಬೇಡಿ. ಏರಿಸಿದ ಒಂದೊಂದು ಫೈಲಿಗೂ 40 ಕೆಬಿ ಹೆಚ್ಚುವರಿ ಲೆಕ್ಕ ಸೇರುತ್ತದೆ, ಹಾಗಾಗಿ ಸಣ್ಣ ವಿವರಪಟ್ಟಿಗಳನ್ನು ಬಿಡಿಬಿಡಿಯಾಗಿ ಏರಿಸದೆ ಸಂಪುಟಕ್ಕೊಂದು ಟಾರ್ (ಹಲವು ಫೈಲುಗಳನ್ನು ಸೇರಿಸಿದ ಒಂದೇ ಫೈಲ್) ಕಟ್ಟುತ್ತೇವೆ. 200 ಪುಟದ್ದು 9.3 ಜಿಬಿ.

ಇಷ್ಟು ದೊಡ್ಡ ಫೈಲ್ ತುಂಡುತುಂಡಾಗಿ ಏರುತ್ತದೆ. ಆಗ ಅಲ್ಲಿ ಕಾಣುವ ಈಟ್ಯಾಗ್ ಎಂಬ ಗುರುತು ಇಡೀ ಫೈಲಿನ ಎಂಡಿ5 ಚೆಕ್‌ಸಮ್ ಅಲ್ಲ, ತುಂಡುಗಳ ಮೊತ್ತಗಳ ಮೊತ್ತ. ಇದನ್ನು ತಿಳಿಯದೆ ಹೋಲಿಸಿದರೆ ಎಲ್ಲ ಫೈಲೂ ಕೆಟ್ಟಿದೆಯೆಂದು ಕಾಣುತ್ತದೆ. ತುಂಡಿನ ಗಾತ್ರವನ್ನು ಬರೆದಿಟ್ಟುಕೊಳ್ಳಿ, ಟಾರ್‌ನ ಶಾ-256 ನಿಮ್ಮಲ್ಲೇ ಇರಲಿ. ಅರ್ಧಕ್ಕೆ ನಿಂತ ತುಂಡುಗಳು ಪಟ್ಟಿಯಲ್ಲಿ ಕಾಣದಿದ್ದರೂ ಬಿಲ್ಲಿಗೆ ಸೇರುತ್ತಿರುತ್ತವೆ; ಏಳು ದಿನಕ್ಕೆ ತಾನಾಗಿ ಅಳಿಯುವ ನಿಯಮ ಹಾಕಿ. ಬ್ರಾಡ್‌ಬ್ಯಾಂಡಿನ ತಿಂಗಳ ಮಿತಿ 3.3 ಟಿಬಿ ಇದ್ದುದರಿಂದ ಏರಿಸುವ ಕೆಲಸ ಮೂರು ಬಿಲ್ಲುಗಳಿಗೆ ಹರಡಿತು. ಆಬ್ಜೆಕ್ಟ್ ಲಾಕ್, ಅಂದರೆ ಗೊತ್ತಾದ ಅವಧಿಯವರೆಗೆ ಫೈಲ್ ಅಳಿಸದಂತೆ ಹಾಕುವ ಬೀಗ, ಗವರ್ನೆನ್ಸ್ ವಿಧಾನದಲ್ಲಿದೆ (ವಿಶೇಷ ಅನುಮತಿ ಇದ್ದವರು ತೆಗೆಯಬಹುದು). ಕಂಪ್ಲಯನ್ಸ್ ವಿಧಾನ ಹಾಕಿ ಅವಧಿಯನ್ನು ತಪ್ಪಾಗಿ ಕೊಟ್ಟರೆ ಖಾತೆಯ ಒಡೆಯರೂ ತೆಗೆಯಲಾರರು.

ಖಾತೆ ಸಂಸ್ಥೆಯ ಇಮೇಲ್‌ನಲ್ಲಿ ಇರಲಿ, ನೌಕರರೊಬ್ಬರ ಫೋನಿನಲ್ಲಿ ಬೇಡ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ಸ್ವಯಂ ಪಾವತಿಗೆ ಕೊಡುವ ಮುಂಗಡ ಒಪ್ಪಿಗೆ) ನಿಯಮ ಜಾರಿಯಲ್ಲಿದೆ. ಕಾರ್ಡಿನ ಸ್ವಯಂ ಪಾವತಿ ಆಗೇ ಆಗುತ್ತದೆಂದು ನಂಬಿ ಕೂರುವಂತಿಲ್ಲ. ತಿಂಗಳಿಗೊಮ್ಮೆ ಒಬ್ಬರು ನೋಡಲೇಬೇಕು.

ಆರು ತಿಂಗಳಿಗೊಮ್ಮೆ ಒಂದು ಸಂಪುಟವನ್ನು ಕ್ಲೌಡಿನಿಂದ ವಾಪಸ್ ತರಿಸುತ್ತೇವೆ. ಸ್ಟ್ಯಾಂಡರ್ಡ್ ಕೋರಿಕೆಗೆ 12 ಗಂಟೆಯೊಳಗೆ, ಅಗ್ಗದ ಬಲ್ಕ್ ಕೋರಿಕೆಗೆ 48 ಗಂಟೆಯೊಳಗೆ ಸಿದ್ಧವಾಗುತ್ತದೆ. ಟಾರ್ ಬಿಚ್ಚಿ, ಪಟ್ಟಿಯೊಡನೆ ತಾಳೆ ನೋಡಿ, ಐದು ಪುಟವನ್ನಾದರೂ ಕಣ್ಣಾರೆ ತೆರೆದು ನೋಡುತ್ತೇವೆ. ಬಿಟ್ ಬದಲಾಗಿಲ್ಲ ಎಂದಷ್ಟೇ ಚೆಕ್‌ಸಮ್ ಹೇಳುತ್ತದೆ, ಸ್ಕ್ಯಾನ್ ಮಾಡುವಾಗ ಪುಟದ ಅಂಚು ಕತ್ತರಿಸಿದ್ದರೆ ಅದು ಹೇಳುವುದಿಲ್ಲ. ಬಿಚ್ಚುವ ಹಂತಗಳು, ತುಂಡಿನ ಗಾತ್ರ, ಖಾತೆ ಯಾರ ಕೈಯಲ್ಲಿದೆ ಎಂಬ ವಿವರ ಒಂದೇ ಹಾಳೆಯಲ್ಲಿ ಅಚ್ಚಾಗಿ ಎರಡೂ ಡಿಸ್ಕ್ ಪೆಟ್ಟಿಗೆಗಳೊಳಗಿದೆ. ಲೇಸರ್ ಪ್ರಿಂಟರ್‌ನಲ್ಲೇ ತೆಗೆದದ್ದು. ಮಳೆಗಾಲದ ತೇವಕ್ಕೆ ಇಂಕ್‌ಜೆಟ್ ಶಾಯಿ ಹರಡಿಬಿಡುತ್ತದೆ.