ಅಮೆರಿಕದ ರಾಜಕಾರಣಿಗೆ ಸ್ಪ್ಯಾನಿಷ್ ಬರಲೇಬೇಕಾ?

ಅಮೆರಿಕಕ್ಕೆ ಹೊಸದಾಗಿ ಬಂದ ನಮ್ಮವರಿಗೆ ಚುನಾವಣೆ ಹತ್ತಿರ ಬಂದಾಗ ಒಂದು ಗೊಂದಲ ಶುರುವಾಗುತ್ತದೆ. ವೇದಿಕೆ ಮೇಲೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ಅಭ್ಯರ್ಥಿ ಇದ್ದಕ್ಕಿದ್ದಂತೆ ಸ್ಪ್ಯಾನಿಷಿಗೆ ಹೊರಳುತ್ತಾರೆ. ಕೆಲವು ಕೌಂಟಿಗಳಲ್ಲಿ, ಅಂದರೆ ಇಲ್ಲಿನ ಜಿಲ್ಲೆಗಳಲ್ಲಿ, ಮನೆಗೆ ಬರುವ ಮತಪತ್ರವೂ ಎರಡು ಭಾಷೆಯಲ್ಲಿರುತ್ತದೆ. ಇನ್ನೊಂದು ಚಾನೆಲ್ಲಿನಲ್ಲಿ ಯಾರೋ ಈ ದೇಶದಲ್ಲಿ ಇಂಗ್ಲಿಷ್ ಮಾತ್ರ ಸಾಕು ಅಂತ ಗುಡುಗುತ್ತಿರುತ್ತಾರೆ. ಹಾಗಾದರೆ ಇಲ್ಲಿನ ಪದ್ಧತಿ ಏನು? ರಾಜಕಾರಣಿಗೆ ಎರಡೂ ಭಾಷೆ ಬರಬೇಕು ಅಂತ ಕೇಳುವುದು ಸರಿಯಾ?

ಸಂವಿಧಾನವನ್ನು ಕೇಳಿದರೆ ಉತ್ತರ ಸುಲಭ. ಅಧ್ಯಕ್ಷರಿಗೆ, ಮೇಲ್ಮನೆಯಾದ ಸೆನೆಟ್ಟಿನ ಸದಸ್ಯರಿಗೆ, ಕೆಳಮನೆಯಾದ ಹೌಸ್ ಸದಸ್ಯರಿಗೆ ಅದು ಹಾಕಿರುವ ಅರ್ಹತೆ ವಯಸ್ಸು, ಪೌರತ್ವ, ವಾಸ ಅಷ್ಟೇ. ಭಾಷೆಯ ಸುದ್ದಿಯೇ ಇಲ್ಲ. ದೇಶಕ್ಕೊಂದು ಅಧಿಕೃತ ಭಾಷೆ ಅಂತ ಇಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಕಾನೂನು ಮಾಡಿಲ್ಲ. ಕನ್ನಡವನ್ನು ರಾಜ್ಯದ ಆಡಳಿತ ಭಾಷೆ ಮಾಡಿದ 1963ರ ಕಾಯ್ದೆಯ ನೆರಳಲ್ಲಿ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ. 2025ರ ಮಾರ್ಚ್ 1ರಂದು ಅಧ್ಯಕ್ಷ ಟ್ರಂಪ್ ಇಂಗ್ಲಿಷನ್ನು ಅಧಿಕೃತ ಭಾಷೆ ಎಂದು ಘೋಷಿಸುವ ಆದೇಶಕ್ಕೆ ಸಹಿ ಹಾಕಿದರು. ಇಂಗ್ಲಿಷ್ ಸರಿಯಾಗಿ ಬಾರದವರಿಗೆ ಸರ್ಕಾರಿ ಸೇವೆ ತಲುಪಬೇಕೆಂದು 2000ದಲ್ಲಿ ಕ್ಲಿಂಟನ್ ಹೊರಡಿಸಿದ್ದ ಆದೇಶವನ್ನು ಅದೇ ಏಟಿಗೆ ರದ್ದು ಮಾಡಿದರು. ಆದರೆ ಕಾಂಗ್ರೆಸ್ ಮಾಡಿದ ಕಾನೂನನ್ನು ಅಧ್ಯಕ್ಷರ ಆದೇಶ ಅಳಿಸಲಾರದು. ಮತಪತ್ರದ ಭಾಷೆ ನಿಂತಿರುವುದು ಅಂಥದ್ದೊಂದು ಕಾನೂನಿನ ಮೇಲೆ. ಅದಕ್ಕೆ ಆಮೇಲೆ ಬರೋಣ.

ರಾಜ್ಯಗಳ ಮಟ್ಟಕ್ಕೆ ಇಳಿದರೆ ಕಥೆ ಬೇರೆ. ಅರಿಜೋನಾ ಮತ್ತು ನ್ಯೂ ಮೆಕ್ಸಿಕೋ ಅಕ್ಕಪಕ್ಕದ ರಾಜ್ಯಗಳು. ಎರಡೂ ಒಕ್ಕೂಟ ಸೇರಿದ್ದು 1912ರಲ್ಲೇ, ಒಂದು ತಿಂಗಳು ಚಿಲ್ಲರೆ ಅಂತರದಲ್ಲಿ. ದುಭಾಷಿಯ ನೆರವಿಲ್ಲದೆ ಕೆಲಸ ಮಾಡುವಷ್ಟು ಇಂಗ್ಲಿಷ್ ಬಲ್ಲವರೇ ರಾಜ್ಯದ ಅಧಿಕಾರಿಗಳು, ಶಾಸಕರು ಆಗಬೇಕು ಎಂದು ಕಾಂಗ್ರೆಸ್ 1910ರಲ್ಲಿ ಎರಡಕ್ಕೂ ಷರತ್ತು ಹಾಕಿತ್ತು. ಅರಿಜೋನಾ ಆ ಮಾತನ್ನು ತನ್ನ ಸಂವಿಧಾನದಲ್ಲಿ ಬರೆದುಕೊಂಡಿತು. ಈಗಲೂ ಅದು ಅಲ್ಲೇ ಇದೆ. ನ್ಯೂ ಮೆಕ್ಸಿಕೋ ಉಲ್ಟಾ ಹೋಯಿತು. ಇಂಗ್ಲಿಷ್ ಅಥವಾ ಸ್ಪ್ಯಾನಿಷ್ ಮಾತಾಡಲು, ಓದಲು, ಬರೆಯಲು ಬರುವುದಿಲ್ಲ ಎಂಬ ಕಾರಣಕ್ಕೆ ಯಾವ ನಾಗರಿಕರಿಗೂ ಮತ ಹಾಕುವ, ಅಧಿಕಾರದಲ್ಲಿ ಕೂರುವ ಹಕ್ಕು ತಪ್ಪಬಾರದು ಎಂದು ಅದರ ಸಂವಿಧಾನ ಹೇಳುತ್ತದೆ.

ಇದು ಪುಸ್ತಕದಲ್ಲೇ ಉಳಿದ ವಿಷಯ ಅಲ್ಲ. ಮೆಕ್ಸಿಕೋ ಗಡಿಗೆ ಅಂಟಿಕೊಂಡಿರುವ ಸ್ಯಾನ್ ಲೂಯಿಸ್ ಎಂಬ ಅರಿಜೋನಾದ ಊರಿನಲ್ಲಿ ಬೀದಿ ಮಾತೆಲ್ಲ ಹೆಚ್ಚಾಗಿ ಸ್ಪ್ಯಾನಿಷ್. 2012ರಲ್ಲಿ ಅಲ್ಲಿನ ನಗರಸಭೆಗೆ ನಿಂತ ಮಹಿಳೆಯೊಬ್ಬರಿಗೆ ಸಾಕಷ್ಟು ಇಂಗ್ಲಿಷ್ ಬರುವುದಿಲ್ಲ ಅಂತ ದೂರು ಹೋಯಿತು. ನ್ಯಾಯಾಲಯ ಅವರ ಹೆಸರನ್ನು ಮತಪತ್ರದಿಂದ ತೆಗೆಸಿತು. ರಾಜ್ಯದ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅವರ ಭಾಷೆ ಮತದಾರರಿಗೆ ಅರ್ಥವಾಗುತ್ತಿತ್ತು, ಕಾನೂನಿಗೆ ಆಗಲಿಲ್ಲ. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ. ತಮ್ಮ ಪ್ರತಿನಿಧಿಗೆ ಭಾಷೆ ಸಾಕಾ ಸಾಲದಾ ಅಂತ ಹೇಳಬೇಕಾದವರು ಆ ಊರಿನ ಜನ ಅಲ್ವಾ?

ಸ್ಪ್ಯಾನಿಷ್ ಎಂದರೆ ನಮ್ಮ ಹಾಗೆ ಆಮೇಲೆ ಬಂದವರ ಭಾಷೆ ಅಂತ ತುಂಬಾ ಕನ್ನಡಿಗರು ಅಂದುಕೊಂಡಿದ್ದಾರೆ. ಅರ್ಧ ಮಾತ್ರ ನಿಜ. 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೋದ ದೊಡ್ಡ ಭಾಗ ಅಮೆರಿಕದ ಪಾಲಾಯಿತು. ಅಲ್ಲಿದ್ದ ಜನ ಎಲ್ಲಿಗೂ ಹೋಗಲಿಲ್ಲ, ಗಡಿಯೇ ಅವರನ್ನು ದಾಟಿ ಹೋಯಿತು. ಕ್ಯಾಲಿಫೋರ್ನಿಯಾದ 1849ರ ಸಂವಿಧಾನ ಕಾನೂನುಗಳನ್ನು ಎರಡೂ ಭಾಷೆಯಲ್ಲಿ ಪ್ರಕಟಿಸಬೇಕು ಎಂದಿತ್ತು. 1879ರಲ್ಲಿ ಅದನ್ನು ಕೈಬಿಟ್ಟರು. ಇನ್ನು ಅಮೆರಿಕದ ಆಡಳಿತದಲ್ಲಿರುವ ದ್ವೀಪ ಪೋರ್ಟೊ ರಿಕೊದವರು ಹುಟ್ಟಿನಿಂದಲೇ ಅಮೆರಿಕದ ನಾಗರಿಕರು. ಅವರ ಮನೆಮಾತು ಸ್ಪ್ಯಾನಿಷ್. ಇಡೀ ದೇಶದಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಆಡುವವರು 4 ಕೋಟಿಗೂ ಜಾಸ್ತಿ.

ಈಗ ಮತಪತ್ರಕ್ಕೆ ಬರೋಣ. ಮತದಾನ ಹಕ್ಕು ಕಾಯ್ದೆಗೆ 1975ರಲ್ಲಿ 203ನೇ ಕಲಂ ಸೇರಿತು. ಒಂದು ಕೌಂಟಿಯಲ್ಲಿ ಇಂಗ್ಲಿಷ್ ಸರಿಯಾಗಿ ಬಾರದ ಒಂದೇ ಭಾಷಾ ಗುಂಪಿನ ನಾಗರಿಕರು, ಮತದಾನದ ವಯಸ್ಸಿನವರು, 10,000ಕ್ಕಿಂತ ಹೆಚ್ಚಿರಬೇಕು. ಇಲ್ಲವೇ ಆ ಕೌಂಟಿಯ ಮತದಾನದ ವಯಸ್ಸಿನ ಎಲ್ಲ ನಾಗರಿಕರಲ್ಲಿ ಶೇ. 5 ದಾಟಿರಬೇಕು. ಜೊತೆಗೆ ಆ ಗುಂಪಿನಲ್ಲಿ ಅನಕ್ಷರತೆ ದೇಶದ ಸರಾಸರಿಗಿಂತ ಜಾಸ್ತಿ ಇರಬೇಕು. ಹೀಗಿದ್ದರೆ ಮತಪತ್ರ, ಸೂಚನೆ, ಮತಗಟ್ಟೆಯ ಸಹಾಯ ಎಲ್ಲವೂ ಆ ಭಾಷೆಯಲ್ಲೂ ಸಿಗಬೇಕು. ಐದು ವರ್ಷಕ್ಕೊಮ್ಮೆ ಸೆನ್ಸಸ್ ಬ್ಯೂರೋ ಪಟ್ಟಿ ಮಾಡುತ್ತದೆ. ಭಾರತೀಯರನ್ನೆಲ್ಲ ಅದು ಒಂದೇ ಗುಂಪಾಗಿ ಎಣಿಸುತ್ತದೆ. ಯಾವ ಭಾಷೆ ಅಂತ ಕೌಂಟಿ ತೀರ್ಮಾನ ಮಾಡುತ್ತದೆ. ಹೀಗೆ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಂಗಾಳಿ, ಶಿಕಾಗೊ ಇರುವ ಕುಕ್ ಕೌಂಟಿಯಲ್ಲಿ ಹಿಂದಿ, ನ್ಯೂಜೆರ್ಸಿಯ ಮಿಡ್ಲ್‌ಸೆಕ್ಸ್‌ನಲ್ಲಿ ಗುಜರಾತಿ ಬಂದವು. ಕನ್ನಡ? ಇಂಗ್ಲಿಷ್ ಬಾರದ ಕನ್ನಡಿಗ ಮತದಾರರು ಅಷ್ಟು ಸಂಖ್ಯೆಯಲ್ಲಿ ಒಂದೇ ಕೌಂಟಿಯಲ್ಲಿ ಸೇರುವ ದಿನ ನನಗಂತೂ ಕಾಣುತ್ತಿಲ್ಲ.

ಆದರೆ ಪೌರತ್ವ ಪಡೆದ ಅಪ್ಪ ಅಮ್ಮ ಇದ್ದವರು ಅದೇ ಕಾಯ್ದೆಯ 208ನೇ ಕಲಂ ನೆನಪಿಡಿ. ಕಣ್ಣು ಕಾಣದ, ಅಂಗವೈಕಲ್ಯ ಇರುವ, ಅಥವಾ ಓದಲು ಬರೆಯಲು ಬಾರದ ಮತದಾರರು ತಮಗೆ ಬೇಕಾದವರನ್ನು ಸಹಾಯಕ್ಕೆ ಒಳಗೆ ಕರೆದುಕೊಂಡು ಹೋಗಬಹುದು. ಕೆಲಸ ಕೊಟ್ಟ ಮಾಲೀಕರು, ಯೂನಿಯನ್ ಪದಾಧಿಕಾರಿಗಳು ಅಥವಾ ಅವರ ಕಡೆಯವರು ಮಾತ್ರ ಆಗಬಾರದು. ಮಗಳು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಓದಿ ಹೇಳಬಹುದು. ಪೌರತ್ವದ ಪರೀಕ್ಷೆಯಲ್ಲೂ ಹಿರಿಯರಿಗೆ ರಿಯಾಯಿತಿ ಇದೆ. 50 ವರ್ಷ ದಾಟಿ ಗ್ರೀನ್ ಕಾರ್ಡಿನಲ್ಲಿ 20 ವರ್ಷ ಕಳೆದವರಿಗೆ, ಅಥವಾ 55 ದಾಟಿ 15 ವರ್ಷ ಕಳೆದವರಿಗೆ ಇಂಗ್ಲಿಷ್ ಪರೀಕ್ಷೆ ಬೇಡ. ನಾಗರಿಕ ಜ್ಞಾನದ ಪ್ರಶ್ನೆಗಳಿಗೆ ದುಭಾಷಿ ಇಟ್ಟುಕೊಂಡು ಕನ್ನಡದಲ್ಲೇ ಉತ್ತರ ಕೊಡಬಹುದು.

ಮತಪತ್ರ ಸ್ಪ್ಯಾನಿಷಿನಲ್ಲೂ ಇರಬೇಕು ಅಂತ ಕಾನೂನಿದೆ, ಅಭ್ಯರ್ಥಿಯ ನಾಲಿಗೆಗೆ ಸ್ಪ್ಯಾನಿಷ್ ಬರಬೇಕು ಅಂತ ಇಲ್ಲ. ಆದರೂ ಅವರು ಸ್ಪ್ಯಾನಿಷ್ ಕಲಿಯುತ್ತಾರೆ, ಯಾಕೆಂದರೆ ಮತ ಬೇಕು. 1960ರಲ್ಲೇ ಜಾಕ್ವೆಲಿನ್ ಕೆನಡಿ ಗಂಡನ ಪರವಾಗಿ ಸ್ಪ್ಯಾನಿಷ್ ಜಾಹೀರಾತಿನಲ್ಲಿ ಮಾತಾಡಿದ್ದರು. 2001ರ ಮೇ 5ರಂದು ಜಾರ್ಜ್ ಡಬ್ಲ್ಯೂ ಬುಷ್ ವಾರದ ರೇಡಿಯೊ ಭಾಷಣವನ್ನು ಸ್ಪ್ಯಾನಿಷಿನಲ್ಲೂ ಮಾಡಿದರು. 2013ರಲ್ಲಿ ವರ್ಜೀನಿಯಾದ ಟಿಮ್ ಕೇನ್ ಸೆನೆಟ್ಟಿನಲ್ಲಿ ಇಡೀ ಭಾಷಣವನ್ನೇ ಸ್ಪ್ಯಾನಿಷಿನಲ್ಲಿ ಮಾಡಿದರು. ಅವರದ್ದು ತೋರಿಕೆಯಲ್ಲ. ಯುವಕರಾಗಿದ್ದಾಗ ಹೊಂಡುರಾಸ್‌ನಲ್ಲಿ ಕ್ರೈಸ್ತ ಪಾದ್ರಿಗಳ ಜೊತೆ ಕೆಲಸ ಮಾಡುತ್ತಾ ಕಲಿತದ್ದು. ನ್ಯೂಯಾರ್ಕಿನ ಮೇಯರ್ ಆಗಿದ್ದ ಬ್ಲೂಮ್‌ಬರ್ಗ್ ಸ್ಪ್ಯಾನಿಷನ್ನು ಅಣಕಿಸಿ 2011ರಲ್ಲಿ ಟ್ವಿಟರಿನಲ್ಲಿ ಒಂದು ಖಾತೆಯೇ ಹುಟ್ಟಿಕೊಂಡಿತು. ಜನ ನಕ್ಕರು. ಆದರೆ ಚಂಡಮಾರುತದ ಎಚ್ಚರಿಕೆಯನ್ನು ಮೇಯರ್ ಬಾಯಿಂದಲೇ ತಮ್ಮ ಭಾಷೆಯಲ್ಲಿ ಕೇಳಿದವರಿಗೆ ಆ ಉಚ್ಚಾರಣೆ ಮುಖ್ಯ ಆಗಿತ್ತಾ?

ಹೂಲಿಯನ್ ಕಾಸ್ಟ್ರೊ ವಿಷಯ ಬೇರೆ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ಮೆಕ್ಸಿಕನ್ ಮೂಲದ ಕುಟುಂಬದವರು. 2019ರ ಜೂನ್‌ನಲ್ಲಿ ಮಯಾಮಿಯಲ್ಲಿ ನಡೆದ, ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಬಯಸಿದವರ ಚರ್ಚೆಯಲ್ಲಿ ಇತರ ಅಭ್ಯರ್ಥಿಗಳಾದ ಬೆಟೊ ಓ’ರೂರ್ಕ್, ಕೋರಿ ಬುಕರ್ ಸ್ಪ್ಯಾನಿಷ್ ಆಡಿದಾಗ ಮೆಚ್ಚಿದವರೂ ಇದ್ದರು, ನಕ್ಕವರೂ ಇದ್ದರು. ಕಾಸ್ಟ್ರೊಗೆ ಮಾತ್ರ ಯಾಕೆ ನಿರರ್ಗಳವಾಗಿ ಬರುವುದಿಲ್ಲ ಎಂಬ ಪ್ರಶ್ನೆ ಬೆನ್ನು ಬಿಡಲಿಲ್ಲ. ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದ ಮಕ್ಕಳಿಗೆ ಶಿಕ್ಷೆ ಕೊಡುತ್ತಿದ್ದ ಕಾಲವನ್ನು ಟೆಕ್ಸಸ್ ಕಂಡಿದೆ. ಮಕ್ಕಳಿಗೆ ಕಷ್ಟ ಬೇಡ ಅಂತ ಎಷ್ಟೋ ಮನೆಗಳು ಇಂಗ್ಲಿಷಿಗೆ ತಿರುಗಿದವು. ಒಂದು ತಲೆಮಾರಿನಿಂದ ಭಾಷೆ ಕಿತ್ತುಕೊಂಡು ಮುಂದಿನವರನ್ನು ಅದೇ ಭಾಷೆಯಲ್ಲಿ ಪರೀಕ್ಷೆ ಮಾಡುವುದು ಯಾವ ನ್ಯಾಯ? ಇಲ್ಲಿ ಹುಟ್ಟಿದ ನಮ್ಮ ಮಕ್ಕಳ ಕನ್ನಡದ ಬಗ್ಗೆ ಊರಿಂದ ಬಂದ ನೆಂಟರು ಏನೇನು ಹೇಳುತ್ತಾರೆ ಅಂತ ನಿಮಗೂ ಗೊತ್ತು.

ಹಾಗಾಗಿ ಎರಡು ಭಾಷೆ ಕಡ್ಡಾಯ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಊರಿಂದ ಊರಿಗೆ ಬೇಕಾದ ಭಾಷೆಯೂ ಬೇರೆ. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಠಾಣೇದಾರ್ ಈಗ ಡೆಟ್ರಾಯ್ಟಿನ ಹೌಸ್ ಸದಸ್ಯರು. ಆ ನಗರದ ನಡುವೆಯೇ ಇರುವ ಹ್ಯಾಮ್‌ಟ್ರಾಮ್ಕ್ ಎಂಬ ಪುಟ್ಟ ಊರಿನಲ್ಲಿ ಮತಪತ್ರ ಬಂಗಾಳಿಯಲ್ಲೂ ಬರುತ್ತದೆ. ಅಲ್ಲಿ ಸ್ಪ್ಯಾನಿಷ್ ಕಲಿತು ಬಂದ ಅಭ್ಯರ್ಥಿಗೆ ಏನು ಲಾಭ?

ನಾನು ನಿರೀಕ್ಷಿಸುವುದು ಕಚೇರಿಯಿಂದ. ಒಬ್ಬ ಹೌಸ್ ಸದಸ್ಯರು ಸುಮಾರು 7.6 ಲಕ್ಷ ಜನರ ಪ್ರತಿನಿಧಿ. ಎಲ್ಲರ ಫೋನನ್ನೂ ಅವರೇ ಎತ್ತುವುದಿಲ್ಲ, ಸಿಬ್ಬಂದಿ ಎತ್ತುತ್ತಾರೆ. ಕ್ಷೇತ್ರದ ಜನ ಆಡುವ ಭಾಷೆ ಬಲ್ಲವರು ಅಲ್ಲಿ ಇರಲೇಬೇಕು. ಪಾಸ್‌ಪೋರ್ಟ್ ತಡವಾದರೆ, ಗ್ರೀನ್ ಕಾರ್ಡ್ ಅರ್ಜಿ ಎಲ್ಲೋ ಸಿಕ್ಕಿಹಾಕಿಕೊಂಡರೆ ಈ ಕಚೇರಿ ವಿಚಾರಿಸಿ ಕೊಡುತ್ತದೆ. ನೀವು ನಾಗರಿಕರಲ್ಲದಿದ್ದರೂ ಸಹಾಯ ಕೇಳಬಹುದು. ನಿಮ್ಮ ಕಡತ ನೋಡಲು ಒಪ್ಪಿಗೆ ಕೊಡುವ ಒಂದು ನಮೂನೆಗೆ ಸಹಿ ಹಾಕಬೇಕು, ಅಷ್ಟೇ. ಮತ ಹಾಕುವ ವಿಷಯ ಹಾಗಲ್ಲ. ಎಚ್‌-1ಬಿ ಆಗಲಿ ಗ್ರೀನ್ ಕಾರ್ಡ್ ಆಗಲಿ, ಅಧ್ಯಕ್ಷರ, ಕಾಂಗ್ರೆಸ್ಸಿನ ಚುನಾವಣೆಯಲ್ಲಿ ಮತ ಹಾಕಿದರೆ ಗಡೀಪಾರಿನ ತನಕ ಹೋಗಬಹುದು. ಎಚ್‌-1ಬಿಯವರು ಪ್ರಚಾರಕ್ಕೆ ದೇಣಿಗೆಯನ್ನೂ ಕೊಡುವಂತಿಲ್ಲ, ಗ್ರೀನ್ ಕಾರ್ಡ್ ಇರುವವರು ಕೊಡಬಹುದು. ಮುಂದಿನ ಸಲ ಅಭ್ಯರ್ಥಿ ನಿಮ್ಮ ಬಡಾವಣೆಗೆ ಬಂದಾಗ ನಿಮಗೆ ಎಷ್ಟು ಭಾಷೆ ಬರುತ್ತೆ ಅಂತ ಕೇಳಬೇಡಿ. ನಿಮ್ಮ ಕಚೇರಿಯಲ್ಲಿ ಫೋನ್ ಎತ್ತುವವರಿಗೆ ಎಷ್ಟು ಭಾಷೆ ಬರುತ್ತೆ ಅಂತ ಕೇಳಿ.