ಕಾಠ್ಮಂಡುವಿನಲ್ಲಿ ಬಿಳಿಜೋಳದ ರೊಟ್ಟಿ: ತಪ್ಪು ಎತ್ತರದ್ದಲ್ಲ, ಹಿಟ್ಟಿನದು

"ನೇಪಾಳದಾಗ ಎಸರು ಸರಿಯಾಗಿ ಕುದಿಯೂದಿಲ್ಲ ಯವ್ವಾ, ಅಲ್ಲಿ ರೊಟ್ಟಿ ಏಳೂದಿಲ್ಲ" ಎಂದು ವಿಜಯಪುರದಲ್ಲಿ ಚಿಗವ್ವ ಹೇಳಿದ್ದರು. ನನಗಿಂತ ಮೊದಲೇ ಕಾಠ್ಮಂಡುವಿಗೆ ಹೋಗಿ ನೆಲೆಸಿದ್ದ ನಮ್ಮ ಕಡೆಯ ಮೂರು ಮನೆಯವರೂ ಅದನ್ನೇ ಹೇಳಿದರು. ಅವರು ಒಂದೆರಡು ಸಲ ಮಾಡಿ ನೋಡಿ, ಚೂರು ಚೂರಾದ ಮೇಲೆ ಅನ್ನ-ಚಪಾತಿಗೆ ಹೊಂದಿಕೊಂಡಿದ್ದರು. ಈಗ ನನ್ನದು ಮೂರನೇ ಚಳಿಗಾಲ. ಒಂದು ಕಿಲೋ ಹಿಟ್ಟಿಗೆ ಹದಿನಾರು ರೊಟ್ಟಿ, ಅಂಚು ಸೀಳದೆ, ಗೋಧಿ ಬೆರೆಸದೆ, ಪೂರ್ತಿ ಉಬ್ಬಿ ಬರುತ್ತವೆ. ಆ ಮೂರು ಮನೆಗೂ ಈಗ ನನ್ನ ಒಲೆಯ ರೊಟ್ಟಿಯೇ ಹೋಗುತ್ತದೆ.

ರೊಟ್ಟಿ ಬಡಿಯುವುದು ಹೇಗೆಂದು ಇಲ್ಲಿ ಹೇಳಿಕೊಡುವುದಿಲ್ಲ, ಅದು ನಿಮಗೆ ಗೊತ್ತು. ಗಡಿ ದಾಟಿದ ಮೇಲೆ ಏನು ಕೆಡುತ್ತದೆ, ಯಾಕೆ ಕೆಡುತ್ತದೆ, ಎಷ್ಟು ದುಡ್ಡು ಹೋಗುತ್ತದೆ ಅಷ್ಟನ್ನೇ ಬರೆಯುತ್ತೇನೆ.

ಕಾಗದಪತ್ರದ ಮಾತು ಬೇಗ ಮುಗಿಸೋಣ. 1950ರ ಭಾರತ-ನೇಪಾಳ ಒಪ್ಪಂದದಿಂದಾಗಿ ನಮಗೆ ವೀಸಾ ಬೇಕಿಲ್ಲ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಇಟ್ಟುಕೊಳ್ಳಿ, ಆಧಾರ್ ಒಂದನ್ನೇ ನಂಬಬೇಡಿ. ಜೋಳ ಒಯ್ಯುವವರಿಗೆ ರೈಲೇ ಸರಿ. ಸ್ಲೀಪರ್ ಟಿಕೆಟ್ಟಿಗೆ 40 ಕಿಲೋ ಸಾಮಾನು ಉಚಿತ. ಮುಂಬೈ ಕಡೆಯಿಂದ ರಕ್ಸೌಲಿಗೆ ನೇರ ರೈಲಿದೆ. ಅಲ್ಲಿಂದ ಸೇತುವೆ ದಾಟಿದರೆ ಬೀರಗಂಜ್, ಮುಂದೆ ಹೇಟೌಡಾ ಮೇಲೆ ಸುಮೋದಲ್ಲಿ ಘಟ್ಟ ಹತ್ತಿ ಕಾಠ್ಮಂಡು. ಸುಂಕದ ಕಟ್ಟೆಗೆ ಅಲ್ಲಿ ಭನ್ಸಾರ್ ಅನ್ನುತ್ತಾರೆ. ಚೀಲ ಮುಚ್ಚಿಟ್ಟುಕೊಂಡು ನುಸುಳಬೇಡಿ. ಕಾಳು ಬಿಚ್ಚಿ ತೋರಿಸಿ, ಸುಂಕ ಕಟ್ಟಿ, ರಸೀದಿ ತೆಗೆದುಕೊಳ್ಳಿ. ದಾರಿಯುದ್ದಕ್ಕೂ ಪೊಲೀಸರು ಸುಮೋ ನಿಲ್ಲಿಸಿದಾಗ ಕೈಹಿಡಿಯುವುದು ಆ ಚೀಟಿಯೇ.

ಬೀರಗಂಜ್‌ನಿಂದ ಪೂರ್ವಕ್ಕೆ ಬಾರಾ ಜಿಲ್ಲೆಯಲ್ಲಿ ಸಿಮ್ರೌನಗಢ ಇದೆ. 1097ರಲ್ಲಿ ನಾನ್ಯದೇವ ಅಲ್ಲಿಂದ ಮಿಥಿಲೆಯನ್ನು ಆಳತೊಡಗಿದ. ಆ ವಂಶದ ಹೆಸರೇ ಕರ್ಣಾಟ. ಕಲ್ಯಾಣ ಚಾಲುಕ್ಯರ ದಂಡಿನ ಜೊತೆ ನಮ್ಮ ನೆಲದಿಂದ ಹೋದವರು ಎಂದು ಇತಿಹಾಸಕಾರರು ಹೇಳುತ್ತಾರೆ. ಪಶುಪತಿನಾಥನ ಪೂಜೆ ಮಾಡುವ ಭಟ್ಟರೂ ಕರ್ನಾಟಕದ ಮೂಲದವರೇ. ಚೀಲ ಹೊತ್ತು ಆ ಗಡಿ ದಾಟುವಾಗಲೆಲ್ಲ ಈ ದಾರಿಯಲ್ಲಿ ನಾನು ಮೊದಲಿನವಳಲ್ಲ ಅನ್ನುವ ಧೈರ್ಯ ಬರುತ್ತದೆ.

ಮೊದಲ ಸಲ ಒಯ್ದದ್ದು ಹಿಟ್ಟು, ಹದಿನೈದು ಕಿಲೋ. ಅದೇ ದೊಡ್ಡ ತಪ್ಪು. ಗಿರಣಿಯಿಂದ ಬಂದ ಬಿಸಿ ಹಿಟ್ಟನ್ನು ಆರಿಸದೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದೆ. ಐದನೇ ದಿನ ಕಾಠ್ಮಂಡು ಮುಟ್ಟುವಷ್ಟರಲ್ಲಿ ಚೀಲದ ಒಳಮೈ ಬೆವೆತಿತ್ತು. ಎರಡು ವಾರ ರೊಟ್ಟಿ ಹೇಗೋ ಆದವು. ಮೂರನೇ ವಾರಕ್ಕೆ ಜಿಗಿ ಹೋಯಿತು, ನಾಲ್ಕನೇ ವಾರ ಕಹಿ. ಜೋಳದ ಮೊಳಕೆಗಣ್ಣಿನಲ್ಲಿ ಎಣ್ಣೆಯಂಶ ಇರುತ್ತದೆ. ಬೀಸಿದ ಮೇಲೆ ಅದು ಗಾಳಿಗೆ ಸಿಕ್ಕು ಕೆಡುತ್ತದೆ, ಹಿಟ್ಟು ಕಟ್ಟಿಕೊಳ್ಳುವುದಿಲ್ಲ. ಏಳೆಂಟು ಕಿಲೋ ಕೆಳಮನೆಯವರ ಆಕಳಿಗೆ ಹೋಯಿತು.

ಎರಡನೇ ಸಲ ಕಾಳು ಒಯ್ದೆ, ಮಾಲ್ದಂಡಿ, ಅಂದರೆ ಎಂ 35-1 ತಳಿ. "ಡೋಣಿ ಬಂದರ ಓಣಿ ತುಂಬ ಜ್ವಾಳ" ಅನ್ನುವ ಡೋಣಿ ಹೊಳೆಯ ಸೀಮೆಯ ಕಾಳು. ಮುತ್ತಿನಂತೆ ದುಂಡಗೆ, ಮೇಲೆ ತೆಳುವಾದ ಹಳದಿ ಹೊಳಪು. ಮಾರ್ಚಿನಲ್ಲಿ ರಾಶಿಯಾದದ್ದನ್ನು ಮಾಳಿಗೆಯ ಮೇಲೆ ಮೂರು ದಿನ ಬಿಸಿಲಿಗೆ ಹಾಕಿ, ಹಲ್ಲಿಗೆ ಕಟ್ ಅನ್ನುವ ತನಕ ಒಣಗಿಸಿ, ಒಂದು ರಾತ್ರಿ ನೆರಳಲ್ಲಿ ಆರಿಸಿಯೇ ಚೀಲಕ್ಕೆ ತುಂಬಬೇಕು. ಬಿಸಿ ಕಾಳು ತುಂಬಿದರೆ ಒಳಗೆ ಬೆವತು ಹುಳ ಬೀಳುತ್ತದೆ. ಒಣ ಬೇವಿನ ಸೊಪ್ಪು ಪದರಕ್ಕೊಂದು ಹಿಡಿ. ಈ ಚೀಲ ಕಾಠ್ಮಂಡುವಿನ ಮಳೆಗಾಲ ದಾಟಿಸಿತು, ಒಂದು ಹುಳವೂ ಕಾಣಲಿಲ್ಲ.

ಆದರೆ ಗಿರಣಿ ಕೈಕೊಟ್ಟಿತು. ಓಣಿಯ ಗಿರಣಿಯಲ್ಲಿ ಮೆಕ್ಕೆಜೋಳ, ಮೆಣಸಿನಕಾಯಿ, ಅಕ್ಕಿ ಎಲ್ಲ ಒಂದೇ ಕಲ್ಲಿನಲ್ಲಿ ಬೀಳುತ್ತಿದ್ದವು. ನನ್ನ ನಾಲ್ಕು ಕಿಲೋ ಒಂದೇ ಸಲಕ್ಕೆ ಬಿಗಿಯಾಗಿ ಬೀಸಿದರು. ಹಿಟ್ಟು ಕೈ ಇಡಲಾಗದಷ್ಟು ಸುಡುತ್ತಿತ್ತು, ಬೆರಳಲ್ಲಿ ಉಜ್ಜಿದರೆ ಮರಳಿನ ಹಾಗೆ. ಅದರಲ್ಲಿ ರೊಟ್ಟಿ ಅರ್ಧ ಗೇಣು ಅಗಲವಾಗುವಷ್ಟರಲ್ಲೇ ಅಂಚು ಬಿರಿಯಿತು. ಎರಡು ತಿಂಗಳು ಇದೇ ಗೋಳು.

ಆ ದಿನಗಳಲ್ಲಿ ಎಲ್ಲರೂ ಕೊಟ್ಟ ಸಲಹೆ ಒಂದೇ: ನಾಲ್ಕು ಪಾಲು ಜೋಳಕ್ಕೆ ಒಂದು ಪಾಲು ಗೋಧಿ. ಮಾಡಿ ನೋಡಿದೆ. ಸುಲಭವಾಗಿ ತಟ್ಟಬಹುದು, ಸುಲಭವಾಗಿ ಏಳುತ್ತದೆ, ಅರ್ಧ ಗಂಟೆಗೆ ಚಕ್ಕಳವಾಗುತ್ತದೆ. ಹೊಟ್ಟೆ ತುಂಬಬಹುದು, ಆದರೆ ಬಾಯಿಗಿಟ್ಟಾಗ ಊರು ಬರುವುದಿಲ್ಲ. ಊರಿಗಾಗಿ ಮಾಡುವ ರೊಟ್ಟಿಯಲ್ಲಿ ಊರೇ ಇಲ್ಲದಿದ್ದರೆ ಅಷ್ಟು ದೂರದಿಂದ ಚೀಲ ಹೊರುವುದು ಯಾಕೆ? ಅಲ್ಲಿಯ ಜೋಳಕ್ಕೆ ಜುನೆಲೊ ಅನ್ನುತ್ತಾರೆ. ನನಗೆ ಸಿಕ್ಕದ್ದು ಕೆಂಪು ಕಾಳು, ಒಗರು, ರೊಟ್ಟಿಗೆ ಆಗಲಿಲ್ಲ. ನುಚ್ಚಿಗೆ ಪರವಾಗಿಲ್ಲ.

ಬೀಸುವ ಪದ್ಧತಿ ಕೊನೆಗೆ ಹೀಗೆ ನಿಂತಿತು. ಶನಿವಾರ ನಸುಕಿಗೆ, ಮೊದಲ ಗಿರಾಕಿ ಬರುವ ಮುನ್ನ ಗಿರಣಿಗೆ ಹೋಗುವುದು. ಮೊದಲು ಒಂದು ಕಿಲೋ ಅಗ್ಗದ ಅಕ್ಕಿ ಹಾಕಿ ಕಲ್ಲು ತೊಳೆಯುವುದು. ಆ ಹಿಟ್ಟು ಗಿರಣಿಯವರಿಗೇ ಬಿಟ್ಟುಕೊಡುವುದು, ಅದರಿಂದಲೇ ಅವರು ನನ್ನ ಮಾತು ಕೇಳುವುದು. ಆಮೇಲೆ ಜೋಳ ಎರಡು ಸುತ್ತು: ಮೊದಲ ಸುತ್ತು ಸಡಿಲ, ರವೆಯ ಹದಕ್ಕೆ. ಅದನ್ನು ಬಟ್ಟೆಯ ಮೇಲೆ ಹರವಿ ಕಾಲು ಗಂಟೆ ಆರಿಸಿ, ಎರಡನೇ ಸುತ್ತು ಬಿಗಿ. ಹಿಟ್ಟು ಕೈಗೆ ಉಗುರುಬೆಚ್ಚಗೆ ಹತ್ತಬೇಕು, ಸುಡಬಾರದು. ವಾರಕ್ಕೆ ಬೇಕಾದಷ್ಟೇ ಬೀಸುವುದು. ಹತ್ತು ದಿನ ದಾಟಿದ ಹಿಟ್ಟು ನನ್ನ ಪರಾತಕ್ಕೆ ಬರುವುದಿಲ್ಲ.

ಕಣಿವೆಯ ಅಂಚಿನ ಒಂದು ಹಳ್ಳಿಯಲ್ಲಿ ಘಟ್ಟ, ಅಂದರೆ ಹಳ್ಳದ ನೀರಿನಿಂದ ತಿರುಗುವ ಬೀಸುಕಲ್ಲು ಇದೆ ಎಂದು ಕೇಳಿ ಅಲ್ಲಿಗೂ ಮೂರು ಕಿಲೋ ಒಯ್ದಿದ್ದೆ. ಒಂದೊಂದೇ ಕಾಳು ಉದುರುತ್ತ ನಿಧಾನ ಬೀಸುತ್ತದೆ, ಹಿಟ್ಟು ತಣ್ಣಗೆ ಬರುತ್ತದೆ. ಸಾಣಿಗೆ ಹಿಡಿದಾಗ ಕಾಲು ಭಾಗ ನುಚ್ಚು ಉಳಿಯಿತು. ಉಳಿದ ಹಿಟ್ಟಿನ ರೊಟ್ಟಿಯ ರುಚಿ ಅಜ್ಜಿಯ ಬೀಸುಕಲ್ಲಿನ ಕಾಲದ್ದು. ಆದರೆ ಬಸ್ಸಿನ ಖರ್ಚು, ಅರ್ಧ ದಿನ, ಚಳಿಗಾಲದಲ್ಲಿ ಹಳ್ಳದ ನೀರೂ ಕಡಿಮೆ. ಹಬ್ಬಕ್ಕೊಮ್ಮೆ ಸರಿ.

ಈಗ ಎಸರಿನ ವಿಷಯ. ಇಲ್ಲಿಯೇ ಎಲ್ಲರೂ ಎಡವುವುದು. ಕಾಠ್ಮಂಡು ಸುಮಾರು 1,400 ಮೀಟರ್ ಎತ್ತರದಲ್ಲಿದೆ, ನೀರು 95 ಡಿಗ್ರಿಗೆ ಕುದಿಯುತ್ತದೆ. ವಿಜಯಪುರ 600 ಮೀಟರಿನ ಆಸುಪಾಸು, ನಮ್ಮಲ್ಲಿ 98. ವ್ಯತ್ಯಾಸ ಮೂರು ಡಿಗ್ರಿ. ಜೋಳದ ಹಿಟ್ಟು ಬೆಂದು ಅಂಟಾಗಲು 70-75 ಡಿಗ್ರಿ ಸಾಕು. ಹಾಗಾದರೆ ಎತ್ತರದ ಮೇಲೆ ಹಾಕುವ ತಪ್ಪು ನಿಲ್ಲುವುದಿಲ್ಲ. ಒಂದು ಥರ್ಮಾಮೀಟರ್ ತಂದು ಅಳೆದೆ. ಊರಿನ ಬೇಸಿಗೆಯಲ್ಲಿ ಹಿಟ್ಟೇ 35 ಡಿಗ್ರಿ ಇರುತ್ತದೆ. ಎಸರು ಹೊಯ್ದು ಕಲಸಿದಾಗ ಮುದ್ದೆ 70ರ ಹತ್ತಿರ ನಿಲ್ಲುತ್ತದೆ. ಕಾಠ್ಮಂಡುವಿನ ಜನವರಿಯಲ್ಲಿ ಬೆಳಿಗ್ಗೆ ಆರಕ್ಕೆ ಅಡುಗೆಮನೆಯ ಹಿಟ್ಟು 8 ಡಿಗ್ರಿ, ಸ್ಟೀಲಿನ ಪರಾತ ಮಂಜುಗಡ್ಡೆ. ಅದೇ ಎಸರು ಹೊಯ್ದರೆ ಮುದ್ದೆ 50-55ಕ್ಕೆ ಇಳಿಯುತ್ತದೆ. ಅಂಟೇ ಹುಟ್ಟುವುದಿಲ್ಲ, ಬಿರಿಯದೆ ಇನ್ನೇನು ಮಾಡೀತು?

ಹಿಟ್ಟಿನ ಮೇಲೆ ಎಸರು ಹೊಯ್ಯುವುದನ್ನೇ ಬಿಟ್ಟೆ, ಎಸರಿನೊಳಗೆ ಹಿಟ್ಟು ಹಾಕತೊಡಗಿದೆ. ಒಂದು ಕಿಲೋ ಹಿಟ್ಟಿಗೆ ಒಟ್ಟು 900 ಎಂಎಲ್ ನೀರು ಹಿಡಿಯುತ್ತದೆ. ಅದರಲ್ಲಿ 600 ಎಂಎಲ್ ದಪ್ಪ ತಳದ ಪಾತ್ರೆಯಲ್ಲಿ ಚಿಟಿಕೆ ಉಪ್ಪು ಹಾಕಿ ಮಳಮಳ ಕುದಿಸಿ, ಉರಿ ಆರಿಸಿ, ಕಾಲು ಕಿಲೋ ಹಿಟ್ಟು ಸುರಿದು ಕಡ್ಡಿಯಿಂದ ತಿರುವಿ ಮುಚ್ಚಿಡಬೇಕು. ಐದು ನಿಮಿಷ. ಆ ಕಾಲು ಭಾಗ 80 ಡಿಗ್ರಿಯ ಮೇಲೆ ನಿಂತು ಪೂರ್ತಿ ಬೇಯುತ್ತದೆ, ಅದೇ ಉಳಿದ ಮುಕ್ಕಾಲು ಕಿಲೋವನ್ನು ಹಿಡಿದಿಡುವ ಗೋಂದು. ಮುಕ್ಕಾಲು ಕಿಲೋ ಹಿಟ್ಟನ್ನು ರಾತ್ರಿಯೇ ಬೆಚ್ಚಗಿಡುವ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದರಿಂದ ನನ್ನ ನಾಲ್ಕು ಕಾಸು ನಡೆಯುತ್ತಿದೆ. ಎರಡನ್ನೂ ಕೂಡಿಸಿ, ಉಳಿದ ನೀರನ್ನು ಬಿಸಿಯಾಗಿಯೇ ಚಿಮುಕಿಸುತ್ತ ಅಂಗೈ ಬುಡದಿಂದ ಹತ್ತು ನಿಮಿಷ ನಾದಬೇಕು. ಪರಾತಕ್ಕಿಂತ ಹಿಟ್ಟು ನಾದುವ ಕಟ್ಟಿಗೆಯ ಕೊಣಮಿಗಿ ಮೇಲು, ಅದು ಶಾಖ ಹೀರುವುದಿಲ್ಲ. ನಾನು ಎರಡನೇ ವರ್ಷ ಊರಿಂದಲೇ ಒಯ್ದೆ.

ಮುದ್ದೆ ಒಂದಕ್ಕೆ 120 ಗ್ರಾಂ ಹತ್ತಿರ. ಪ್ರತಿಯೊಂದನ್ನೂ ತಟ್ಟುವ ಮುನ್ನ ಒದ್ದೆ ಕೈಯಿಂದ ಮತ್ತೆ ನಾದಿ, ಉಳಿದದ್ದಕ್ಕೆ ಹಸಿ ಬಟ್ಟೆ ಮುಚ್ಚಿ. ಅಲ್ಲಿಯ ಚಳಿಗಾಲದ ಗಾಳಿ ಒಣ, ಮೂರು ನಿಮಿಷ ತೆರೆದಿಟ್ಟರೆ ಮೇಲ್ಮೈ ಬಿರಿಯುತ್ತದೆ. ಹಂಚಿಗೆ ಹಾಕಿದ ಕೂಡಲೇ ನೀರು ಹಚ್ಚುವುದನ್ನು ತಡಮಾಡಬೇಡಿ, ಊರಲ್ಲಿ ಸಿಗುವ ಪುರುಸೊತ್ತು ಇಲ್ಲಿಲ್ಲ. ಒದ್ದೆ ಅರಿವೆ ಬಿಸಿ ರೊಟ್ಟಿಯ ಮೇಲೆ ಓಡಿದಾಗ ಚೊಂಯ್ ಎಂದು ಒಂದು ಹಬೆ ಏಳುತ್ತದಲ್ಲ, ಮೊದಲ ಮಳೆ ಬಿದ್ದ ಎರೆಭೂಮಿಯದ್ದೇ ವಾಸನೆ. ಸರಿಯಾದ ಹಿಟ್ಟಿನಿಂದ ಮಾತ್ರ ಅದು ಬರುತ್ತದೆ. ಹಿಟ್ಟು ಕೆಟ್ಟಿದೆಯೋ ಇಲ್ಲವೋ ಎಂದು ನಾನು ಪರೀಕ್ಷಿಸುವುದೂ ಅದರಿಂದಲೇ. ಆ ವಾಸನೆ ಬಂದ ಮೊದಲ ದಿನ ಒಲೆ ಆರಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಇಂಡಕ್ಷನ್ ಒಲೆಯಲ್ಲೂ ಮಾಡಿ ನೋಡಿದೆ. ತಳ ಸಮನಾಗಿರುವ ಕಬ್ಬಿಣದ ಹಂಚು ಬೇಕು, ಮಣ್ಣಿನ ಹಂಚು ಕಾಯುವುದೇ ಇಲ್ಲ. ನಡು ಸುಟ್ಟು ಅಂಚು ಹಸಿ ಉಳಿಯುತ್ತದೆ, ಕೊನೆಗೆ ಬೆಂಕಿಗೆ ಹಿಡಿಯಲು ಜ್ವಾಲೆಯೂ ಇಲ್ಲ. ಗ್ಯಾಸ್ ಸಿಲಿಂಡರಿಗೆ ಎರಡು ಸಾವಿರ ನೇಪಾಳಿ ರೂಪಾಯಿಯ ಹತ್ತಿರವಾದರೂ ರೊಟ್ಟಿಗೆ ಅದೇ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ನಮ್ಮ ರೂಪಾಯಿಗೆ ಅಲ್ಲಿ ಐಸಿ, ಅವರದಕ್ಕೆ ಎನ್‌ಸಿ. 1993ರಿಂದ 100 ಐಸಿಗೆ 160 ಎನ್‌ಸಿ, ಬದಲಾಗಿಲ್ಲ. ಜೋಳ ಕಿಲೋಗೆ 55 ಐಸಿ. ಸುಂಕ, ಹಮಾಲಿ, ಸುಮೋ ಸೇರಿ 40 ಕಿಲೋಗೆ 1,800 ಐಸಿ. ಅಂದರೆ ಕಾಠ್ಮಂಡು ಮುಟ್ಟಿದ ಕಿಲೋ ಜೋಳ 100 ಐಸಿ, 160 ಎನ್‌ಸಿ. ಬೀಸಾಣಿಕೆ, ಕಲ್ಲು ತೊಳೆಯುವ ಅಕ್ಕಿ ಸೇರಿ 30, ಗ್ಯಾಸ್ 25. ಹದಿನಾರು ರೊಟ್ಟಿಗೆ 215, ಒಂದಕ್ಕೆ ಹದಿಮೂರು ಹದಿನಾಲ್ಕು ಎನ್‌ಸಿ. ಮಾರುವುದು 35ಕ್ಕೆ. ನನ್ನ ರೈಲು ಟಿಕೆಟ್ ಇದರಲ್ಲಿ ಸೇರಿಲ್ಲ, ಊರಿಗಂತೂ ಹೇಗೂ ಹೋಗಿ ಬರುವುದೇ. ಯಾತ್ರೆಯ ತಂಡದವರೊಬ್ಬರಿಗೆ ಫೋನಿನಲ್ಲಿ "ಇಪ್ಪತ್ತು ರೂಪಾಯಿ" ಎಂದು 200 ಖಡಕ್ ರೊಟ್ಟಿ ಒಪ್ಪಿಕೊಂಡಿದ್ದೆ. ನಾನು ಹೇಳಿದ್ದು ಐಸಿ, ಅವರು ಕೊಟ್ಟದ್ದು ಎನ್‌ಸಿ. ಒಂದೇ ಏಟಿಗೆ 2,400 ಎನ್‌ಸಿ ಹೋಯಿತು. ದರ ಹೇಳುವಾಗ ಯಾವ ರೂಪಾಯಿ ಎಂದು ಮೊದಲೇ ಬಿಡಿಸಿ ಹೇಳಿ.

ಖಡಕ್ ರೊಟ್ಟಿಗೆ ಗಿರಾಕಿಗಳೆಂದರೆ ನೇಪಾಳದ ಮೇಲಿಂದ ಕೈಲಾಸ-ಮಾನಸ ಸರೋವರಕ್ಕೆ ಹೋಗುವ ನಮ್ಮ ಜನ. ಸರೋವರ 4,500 ಮೀಟರಿಗೂ ಮೇಲೆ, ಅಲ್ಲಿ ಬೇಳೆ ಬೇಯಿಸುವುದೇ ಕಷ್ಟ. ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಇದ್ದರೆ ಒಲೆಯೇ ಬೇಡ. ತೊಡಕು ಏನೆಂದರೆ ಯಾತ್ರೆ ನಡೆಯುವುದು ಮಳೆಗಾಲದ ಸುತ್ತಮುತ್ತ, ಆಗ ಕಾಠ್ಮಂಡುವಿನಲ್ಲಿ ರೊಟ್ಟಿ ಮೂರು ದಿನಕ್ಕೂ ಒಣಗದೆ ಬೂಸ್ಟು ಹಿಡಿಯುತ್ತದೆ. ಒಂದು ಜುಲೈನಲ್ಲಿ 90 ರೊಟ್ಟಿ ಎಸೆದಿದ್ದೇನೆ. ಈಗ ಏಪ್ರಿಲ್ ಮುಗಿಯುವುದರೊಳಗೆ ಮಾಡಿ, ಒಲೆಯ ಬದಿಗೆ ಆನಿಸಿ, ಮರುದಿನ ಬಿಸಿಲಿಗೆ ಹಿಡಿದು, ಪೂರ್ತಿ ತಣ್ಣಗಾದ ಮೇಲೆ ತಗಡಿನ ಡಬ್ಬಿಗೆ ತುಂಬಿ ಬಾಯಿಗೆ ಟೇಪ್ ಸುತ್ತುತ್ತೇನೆ. ಎರಡು ತಿಂಗಳು ಗರಿಗರಿ.

ಜೊತೆಗೆ ನಂಜಿಕೊಳ್ಳಲು: ಗುರೆಳ್ಳು ಅಲ್ಲಿ ಝುಸೆ ತಿಲ್ ಎಂಬ ಹೆಸರಲ್ಲಿ ಸಿಗುತ್ತದೆ, ಚಟ್ನಿ ನಮ್ಮದರಂತೆಯೇ ಆಗುತ್ತದೆ. ಪುಂಡಿಪಲ್ಲೆ ಸಿಗಲಿಲ್ಲ. ಗುಂದ್ರುಕ್, ಅಂದರೆ ಹುಳಿ ಬರಿಸಿ ಒಣಗಿಸಿದ ಸೊಪ್ಪು ನೆನೆಸಿ, ಜೋಳದ ನುಚ್ಚು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪುಂಡಿಯ ಹಾಗೆ ಮಾಡಿದೆ. ಹುಳಿ ಸರಿ, ಪರಿಮಳ ಬೇರೆ. ಈಗ ಅದಕ್ಕೇ ಒಂದು ರುಚಿ ಹತ್ತಿದೆ. ಸಂಕ್ರಾಂತಿಗೆ ಅವರೂ ಎಳ್ಳು, ಚಾಕು ಎಂದು ಕರೆಯುವ ಬೆಲ್ಲ, ತುಪ್ಪ ತಿನ್ನುತ್ತಾರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಕೆಳಮನೆಗೆ ಕೊಟ್ಟಾಗ ಇದೇನೆಂದು ಅವರು ಕೇಳಲೇ ಇಲ್ಲ, ನೇರ ತಿಂದರು.

ಕಾಳು ಗಡಿ ದಾಟುತ್ತದೆ, ಸೀತನಿ ದಾಟುವುದಿಲ್ಲ. ಹೊಲದಲ್ಲೇ ಹಸಿ ತೆನೆ ಸುಟ್ಟು, ಅಂಗೈಯಲ್ಲಿ ಉಜ್ಜಿ, ಊದಿ ತಿನ್ನುವುದನ್ನು ಯಾವ ಚೀಲದಲ್ಲಿ ಒಯ್ಯಲಿ? ಅದಕ್ಕಾಗಿ ಮನೆ ಹಿಂದಿನ ಹತ್ತಡಿ ಜಾಗದಲ್ಲಿ ಮಾಲ್ದಂಡಿ ಬಿತ್ತಿದೆ. ಊರಿನ ಲೆಕ್ಕದಲ್ಲಿ ಸೆಪ್ಟೆಂಬರ್ ಕೊನೆಗೆ ಬಿತ್ತಿದ್ದು ಮೊಣಕಾಲೆತ್ತರಕ್ಕೆ ಬಂದು ಡಿಸೆಂಬರಿನ ಚಳಿಗೆ ನಿಂತೇಬಿಟ್ಟಿತು. ಮರುವರ್ಷ ಏಪ್ರಿಲ್‌ನಲ್ಲಿ ಬಿತ್ತಿದೆ. ಆಳೆತ್ತರ ಬೆಳೆದರೂ ಹಗಲು ಗಿಡ್ಡಾಗುವ ತನಕ ತೆನೆ ಹಾಕಲಿಲ್ಲ. ಹಿಂಗಾರಿ ಜೋಳದ ಗುಣವೇ ಅದು. ಕೊನೆಗೆ ಹಾಕಿದ ತೆನೆ ಮಳೆಗೆ ಸಿಕ್ಕು ಕಪ್ಪಾಯಿತು, ಉಳಿದದ್ದು ಗುಬ್ಬಿಗೆ. ಕಣಿಕೆ ಮಾತ್ರ ಆಕಳಿಗಾಯಿತು. ಈ ಸಲ ಜೂನ್ ಕೊನೆಗೆ, ತೆನೆಗೆ ಬಟ್ಟೆ ಚೀಲ ಕಟ್ಟುವ ಏರ್ಪಾಡಿನೊಂದಿಗೆ ಬಿತ್ತುತ್ತೇನೆ. ಬೀಸಲು ಕೊಡುವ ಚೀಲದಿಂದ ಎರಡು ಹಿಡಿ ಕಾಳು ಆರಿಸಿ ಬೇರೆ ತೆಗೆದಿಟ್ಟಿದ್ದೇನೆ.