ಸಾಗವಾನಿ ಸಿಗದ ಊರಿನಲ್ಲಿ ಕಟ್ಟಿಗೆ ಕೊಳ್ಳುವ ಬಗೆ

ಅಮೆರಿಕಕ್ಕೆ ಹೊರಟವರು ಸಾಗವಾನಿಯ ಆಸೆಯನ್ನು ಸಾಂಬ್ರಾ ವಿಮಾನ ನಿಲ್ದಾಣದಲ್ಲೇ ಇಳಿಸಿ ಹೋಗುವುದು ಒಳ್ಳೆಯದು. ನಾನು ರಜೆಗೆ ಬೆಳಗಾವಿಗೆ ಬಂದಾಗಲೆಲ್ಲ ಬಡಗಿ ಕೆಲಸದ ಹುಚ್ಚಿರುವ ಯಾರಾದರೊಬ್ಬರು ಮನೆಗೆ ಬರುತ್ತಾರೆ. ಬಾಡಿಗೆ, ಕಾರು, ಮಕ್ಕಳ ಶಾಲೆಯ ಮಾತೆಲ್ಲ ಮುಗಿದ ಮೇಲೆ, "ಕಾಕಾ, ಅಲ್ಲಿ ಸಾಗವಾನಿ ಎಲ್ಲಿ ಸಿಗುತ್ತದೆ?" ಎಂದು ಕೇಳುತ್ತಾರೆ. ಕೇಳುವುದು ಸಹಜವೇ. ಖಾನಾಪುರದ ಕಾಡು, ದಾಂಡೇಲಿಯ ಡಿಪೋ ಎರಡನ್ನೂ ಹತ್ತಿರದಲ್ಲಿಟ್ಟುಕೊಂಡು ಬೆಳೆದವರಿಗೆ ಉಳಿದ ಕಟ್ಟಿಗೆಯೆಲ್ಲ ಎರಡನೆಯ ದರ್ಜೆಯದಾಗಿಯೇ ಕಾಣುತ್ತದೆ.

ಅಲ್ಲಿ ಸಾಗವಾನಿ ಇಲ್ಲವೆಂದಲ್ಲ. ದೋಣಿ ಕಟ್ಟುವವರಿಗಾಗಿ ತರಿಸುತ್ತಾರೆ, ಬೆಲೆ ಕೇಳಿದವರು ಎರಡನೆಯ ಸಲ ಕೇಳುವುದಿಲ್ಲ. ಮ್ಯಾನ್ಮಾರ್‌ನ ಸರ್ಕಾರಿ ಮರದ ಸಂಸ್ಥೆಯ ಮೇಲೆ ಅಮೆರಿಕ 2021ರಲ್ಲಿ ನಿರ್ಬಂಧ ಹೇರಿದ ಮೇಲೆ ಬರ್ಮಾ ಸಾಗವಾನಿಯ ದಾರಿ ಇನ್ನಷ್ಟು ಕಿರಿದಾಯಿತು. ಮಧ್ಯ ಅಮೆರಿಕದ ನೆಡುತೋಪುಗಳಿಂದ ಬರುವ ಎಳೆಯ ಸಾಗವಾನಿಗೆ ನಮ್ಮ ಹಳೆಯ ಮನೆಗಳ ಕಂಬದ ಕೆಚ್ಚು ಇರುವುದಿಲ್ಲ. "ಊರಿನಿಂದಲೇ ಒಂದೆರಡು ತುಂಡು ಶೀಸಂ ತಂದರೆ?" ಎನ್ನುವವರಿಗೂ ಒಂದು ಮಾತು: ಬೀಟೆ, ಶೀಸಂ ಜಾತಿಯ ಮರಗಳೆಲ್ಲ 2017ರಿಂದ ಸೈಟಿಸ್, ಅಂದರೆ ಅಪಾಯದಲ್ಲಿರುವ ಜೀವಜಾತಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಮರದ ಯಾವ ವಸ್ತುವನ್ನೇ ತಂದರೂ ಕಸ್ಟಮ್ಸ್‌ನಲ್ಲಿ ಬರೆದು ತೋರಿಸಬೇಕು. ತೊಗಟೆ ಅಂಟಿಕೊಂಡ ಕಟ್ಟಿಗೆಯನ್ನಂತೂ ಪೆಟ್ಟಿಗೆಗೆ ಹಾಕಲೇಬೇಡಿ.

ಆದ್ದರಿಂದ ಆ ನೆಲದಲ್ಲೇ ಬೆಳೆಯುವ ಮರಗಳನ್ನು ಪರಿಚಯ ಮಾಡಿಕೊಳ್ಳಿ. ದೇಶದ ಪೂರ್ವಾರ್ಧದಲ್ಲಿ ನೆಲೆಸುವವರು ಈ ವಿಷಯದಲ್ಲಿ ಅದೃಷ್ಟವಂತರು. ವಾಲ್ನಟ್, ಚೆರ್ರಿ, ಮೇಪಲ್, ಓಕ್, ಆಶ್ ಎಲ್ಲವೂ ಅಲ್ಲಿಯವೇ. ಸಾಗವಾನಿಯ ಉಳಿಗೆ ಒಗ್ಗಿದ ಕೈಗೆ ಮೊದಲು ಹಿಡಿಸುವುದು ವಾಲ್ನಟ್. ಗಡಸುತನ ಹೆಚ್ಚುಕಡಿಮೆ ಸಾಗವಾನಿಯದೇ, ಬಣ್ಣ ಕಾಫಿ ಕಂದು, ರಂಧಾ ಹೊಡೆದರೆ ಸಿಪ್ಪೆ ಸಲೀಸಾಗಿ ಸುರುಳಿ ಸುತ್ತಿ ಬರುತ್ತದೆ. ದೇವರ ಮಂಟಪಕ್ಕೆ ನನ್ನ ಮೊದಲ ಆಯ್ಕೆ ಇದೇ. ಒಂದು ಎಚ್ಚರಿಕೆ: ವಾಲ್ನಟ್‌ನ ಸಿಪ್ಪೆ, ಹೊಟ್ಟನ್ನು ಹಿತ್ತಲಿಗೆ ಸುರಿಯಬೇಡಿ. ಅದರಲ್ಲಿರುವ ರಾಸಾಯನಿಕ ಟೊಮೆಟೊ, ಬದನೆ ಗಿಡಗಳಿಗೆ ಆಗದು. ಊರಿನಿಂದ ಮುಳಗಾಯಿ ಬೀಜ ತಂದು ಬಿತ್ತಿದವರು ಇದನ್ನು ಮರೆಯಬಾರದು.

ರೊಟ್ಟಿ ತಟ್ಟುವ ಮಣೆಗೆ ಹಾರ್ಡ್ ಮೇಪಲ್ ಬಿಟ್ಟು ಬೇರೆ ನೋಡಬೇಡಿ. ಅದರ ರಂಧ್ರಗಳು ಬಹಳ ಸೂಕ್ಷ್ಮ, ಹಿಟ್ಟು ಒಳಗೆ ಸೇರಿ ಕೂರುವುದಿಲ್ಲ. ರೆಡ್ ಓಕ್ ಇದಕ್ಕೆ ತದ್ವಿರುದ್ಧ. ಅದರ ಚಿಕ್ಕ ತುಂಡಿನ ಒಂದು ತುದಿಯನ್ನು ನೀರಿನಲ್ಲಿ ಅದ್ದಿ ಇನ್ನೊಂದು ತುದಿಯಿಂದ ಊದಿದರೆ ಗುಳ್ಳೆ ಏಳುತ್ತದೆ. ವೈಟ್ ಓಕ್‌ನಲ್ಲಿ ಆ ಕೊಳವೆಗಳು ತಾವಾಗಿಯೇ ಮುಚ್ಚಿಕೊಂಡಿರುತ್ತವೆ. ಪೀಪಾಯಿಗಳನ್ನು ಅದರಿಂದ ಮಾಡುವುದು ಅದಕ್ಕೇ, ಅಂಗಳದ ಜೋಕಾಲಿಗೆ ನೀವು ಅದನ್ನು ಆರಿಸಬೇಕಾದದ್ದೂ ಅದಕ್ಕೇ. ಕಲಘಟಗಿ ತೊಟ್ಟಿಲಿನ ಹಾಗೆ ಬಣ್ಣ ಬಳಿಯುವ ಕೆಲಸಕ್ಕೆ ಪಾಪ್ಲರ್ ಸಾಕು. ಅಗ್ಗದ ಮರ, ಹಸಿರು ಛಾಯೆ ಕಂಡು ಗಾಬರಿಯಾಗಬೇಡಿ. ಚೆರ್ರಿ ಕೊಂಡಾಗ ತಿಳಿ ಬಣ್ಣದ್ದಾಗಿದ್ದು, ಬೆಳಕು ಬಿದ್ದಂತೆ ಕೆಂಪೇರುತ್ತದೆ. ಹೊಸ ಚೆರ್ರಿ ಮೇಜಿನ ಮೇಲೆ ಹೂದಾನಿಯನ್ನು ತಿಂಗಳುಗಟ್ಟಲೆ ಒಂದೇ ಕಡೆ ಇಟ್ಟರೆ ಅದರ ಅಚ್ಚು ಉಳಿಯುತ್ತದೆ.

ಇನ್ನು ಎಲ್ಲಿ ಕೊಳ್ಳುವುದು? ಹೋಮ್ ಡಿಪೋ, ಲೋಸ್‌ಗಳಲ್ಲಿ ಸಿಗುವುದು ಮುಖ್ಯವಾಗಿ ಮನೆ ಕಟ್ಟುವ ಪೈನ್. ಜೊತೆಗೆ ನಾಲ್ಕೂ ಕಡೆ ನಯ ಮಾಡಿದ ಸ್ವಲ್ಪ ರೆಡ್ ಓಕ್ ಮತ್ತು ಪಾಪ್ಲರ್ ಇರುತ್ತವೆ, ಉದ್ದದ ಅಡಿಯ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಚಿಕ್ಕ ಪೆಟ್ಟಿಗೆಗೆ ಸರಿ, ಮಂಚಕ್ಕೆ ಅಲ್ಲ. ರಾಕ್ಲರ್, ವುಡ್‌ಕ್ರಾಫ್ಟ್‌ನಂಥ ಮಳಿಗೆಗಳಲ್ಲಿ ಜಾತಿಗಳು ಹೆಚ್ಚು, ಬೆಲೆಯೂ ಹೆಚ್ಚು. ಮರಗಳ ಮುಖಪರಿಚಯಕ್ಕೆ ಅಲ್ಲಿಗೆ ಹೋಗಿ ಬನ್ನಿ. ನಿಜವಾದ ಖರೀದಿ ಲಂಬರ್ ಯಾರ್ಡ್‌ಗಳಲ್ಲಿ ಮತ್ತು ಸಾ ಮಿಲ್‌ಗಳಲ್ಲಿ.

ಇವುಗಳನ್ನು ಹುಡುಕಲು ಫೋನಿನ ನಕ್ಷೆಯೊಂದೇ ಸಾಲದು. ನಗರದ ಹೊರಗೆ, ಫಲಕವೂ ಸರಿಯಾಗಿ ಇಲ್ಲದ ಶೆಡ್‌ಗಳಲ್ಲಿ ಒಳ್ಳೆಯ ಸರಕು ಇರುತ್ತದೆ. ನಿಮ್ಮ ಊರಿನಲ್ಲಿ ಅಡುಗೆಮನೆಯ ಕಪಾಟು ಮಾಡುವ ಸಣ್ಣ ಕಾರ್ಖಾನೆಗೆ ಹೋಗಿ, "ನೀವು ಎಲ್ಲಿಂದ ತರಿಸುತ್ತೀರಿ?" ಎಂದು ಕೇಳಿ. ಬೆಳಗಾವಿಯಲ್ಲಿ ಒಳ್ಳೆಯ ಕಟ್ಟಿಗೆ ಅಡ್ಡೆ ಯಾವುದೆಂದು ಬಡಿಗೇರರನ್ನು ಕೇಳಿದ ಹಾಗೆಯೇ ಇದು. ಗಿರಾಕಿಯಾಗದವನಿಗೂ ಅವರು ಹೇಳುತ್ತಾರೆ, ಕೆಲವೊಮ್ಮೆ ತುಂಡುಗಳ ಡಬ್ಬಿಯನ್ನೂ ತೋರಿಸುತ್ತಾರೆ. ಮರಗೆಲಸದ ಹವ್ಯಾಸಿ ಸಂಘಗಳೂ ಬಹಳ ಊರುಗಳಲ್ಲಿವೆ. ಅಲ್ಲಿನ ನಿವೃತ್ತ ಹಿರಿಯರಿಗೆ ಸುತ್ತಲಿನ ಎಲ್ಲ ಮಿಲ್‌ಗಳ ಜಾತಕ ಗೊತ್ತಿರುತ್ತದೆ.

ಓಹಿಯೊದ ಹೋಮ್ಸ್ ಕೌಂಟಿ, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆ ಇರುವವರಿಗೆ, ಹಳೆಯ ಕಾಲದ ಸರಳ ಬದುಕನ್ನೇ ನಡೆಸುವ ಕ್ರೈಸ್ತ ಪಂಗಡವಾದ ಆಮಿಶ್ ಜನರ ಮಿಲ್‌ಗಳಿವೆ. ಬೆಲೆ ನ್ಯಾಯವಾದದ್ದು. ಭಾನುವಾರ ಬಾಗಿಲು ಮುಚ್ಚಿರುತ್ತದೆ, ಬಹಳ ಕಡೆ ನಗದು ಅಥವಾ ಚೆಕ್ ಮಾತ್ರ ನಡೆಯುತ್ತದೆ. ಅವರ ಫೋಟೊ ತೆಗೆಯಲು ಹೋಗಬೇಡಿ. ಚೌಕಾಸಿಯ ಬಗ್ಗೆಯೂ ಹೇಳಿಬಿಡುತ್ತೇನೆ: ಒಂದು ಹಲಗೆಗೆ ಚೌಕಾಸಿ ಮಾಡಿದರೆ ಮುಖ ಸಣ್ಣದಾಗುತ್ತದೆ. ನೂರು ಬೋರ್ಡ್ ಫೂಟ್ (ಅಲ್ಲಿನ ಕಟ್ಟಿಗೆಯ ಅಳತೆ, ಮುಂದೆ ಹೇಳುತ್ತೇನೆ) ಒಟ್ಟಿಗೆ ಕೊಂಡರೆ ಎಷ್ಟು ಕಡಿಮೆ ಮಾಡುತ್ತೀರಿ ಎಂದು ಕೇಳುವುದು ಎಲ್ಲ ಕಡೆ ನಡೆಯುತ್ತದೆ.

ನಾವು ಘನ ಅಡಿಯ ಜನ, ಅವರ ವ್ಯವಹಾರವೆಲ್ಲ ಬೋರ್ಡ್ ಫೂಟ್‌ನಲ್ಲಿ. ಒಂದು ಘನ ಅಡಿಗೆ 12 ಬೋರ್ಡ್ ಫೂಟ್. ದಪ್ಪ ಮತ್ತು ಅಗಲವನ್ನು ಇಂಚಿನಲ್ಲಿ, ಉದ್ದವನ್ನು ಅಡಿಯಲ್ಲಿ ಹಿಡಿದು, ಮೂರನ್ನೂ ಗುಣಿಸಿ 12ರಿಂದ ಭಾಗಿಸಿ. 1 ಇಂಚು ದಪ್ಪ, 8 ಇಂಚು ಅಗಲ, 9 ಅಡಿ ಉದ್ದದ ಹಲಗೆ 6 ಬೋರ್ಡ್ ಫೂಟ್ ಆಗುತ್ತದೆ. ಅದೇ ಹಲಗೆ 2 ಇಂಚು ದಪ್ಪವಿದ್ದರೆ 12, ಅಂದರೆ ನಮ್ಮ ಒಂದು ಘನ ಅಡಿ. ಬೆಲೆಯನ್ನು 12ರಿಂದ ಗುಣಿಸಿ ರೂಪಾಯಿಗೆ ತಿರುಗಿಸಿ ನೋಡಿ, ಊರಿನ ದರದೊಂದಿಗೆ ಹೋಲಿಸಬಹುದು. ಹೋಲಿಸಿ ಸಂಕಟಪಡಬೇಡಿ ಅಷ್ಟೇ.

ದಪ್ಪವನ್ನು ಕಾಲು ಇಂಚುಗಳಲ್ಲಿ ಹೇಳುತ್ತಾರೆ: 4/4 ಎಂದರೆ ಒಂದು ಇಂಚು, 8/4 ಎಂದರೆ ಎರಡು. ಇದು ಗರಗಸದಿಂದ ಬಂದ ಒರಟು ಹಲಗೆಯ ಅಳತೆ. ಎರಡೂ ಮುಖ ನಯ ಮಾಡಿಸಿದ 4/4 ಹಲಗೆ ಕೈಗೆ ಬರುವಾಗ 13/16 ಇಂಚಿಗೆ ಇಳಿದಿರುತ್ತದೆ, ಹಣ ಮಾತ್ರ ಪೂರ್ತಿ ಇಂಚಿಗೆ. ಇದು ಮೋಸವಲ್ಲ, ಪದ್ಧತಿ.

ದರ್ಜೆಗಳನ್ನು 1898ರಲ್ಲಿ ಹುಟ್ಟಿದ ರಾಷ್ಟ್ರೀಯ ಹಾರ್ಡ್‌ವುಡ್ ಲಂಬರ್ ಸಂಘದ ನಿಯಮದಂತೆ ಕಟ್ಟುತ್ತಾರೆ. ಎಫ್‌ಎಎಸ್ ಎಂಬುದು ಮೇಲಿನ ದರ್ಜೆ: ಹಲಗೆ ಕನಿಷ್ಠ 6 ಇಂಚು ಅಗಲ, 8 ಅಡಿ ಉದ್ದ ಇರಬೇಕು, ಸುಮಾರು 83 ಶೇಕಡಾ ಗಂಟಿಲ್ಲದ ಕಟ್ಟಿಗೆ ಸಿಗಬೇಕು. ನಂಬರ್ ಒನ್ ಕಾಮನ್‌ನಲ್ಲಿ ಅದು ಸುಮಾರು 67 ಶೇಕಡಾ. ಹೊಸಬರು ಕಣ್ಣು ಮುಚ್ಚಿ ಮೇಲಿನ ದರ್ಜೆ ಕೊಳ್ಳುತ್ತಾರೆ, ನನಗೆ ಅದು ದುಂದು ಎನಿಸುತ್ತದೆ. ದೇವರ ಮಂಟಪದಲ್ಲಿ ಎರಡು ಅಡಿಗಿಂತ ಉದ್ದದ ತುಂಡು ಎಷ್ಟಿರುತ್ತವೆ? ಗಂಟುಗಳ ನಡುವೆ ಕತ್ತರಿಸಿಕೊಂಡರೆ ಕಾಮನ್ ದರ್ಜೆಯಲ್ಲೇ ಕೆಲಸ ಮುಗಿಯುತ್ತದೆ. ಎಂಟು ಅಡಿಯ ಊಟದ ಮೇಜಿಗೆ ಮಾತ್ರ ಎಫ್‌ಎಎಸ್ ಬೇಕು. ಯಾವ ದರ್ಜೆಯಾದರೂ ಲೆಕ್ಕಕ್ಕಿಂತ ಕಾಲು ಭಾಗ ಹೆಚ್ಚು ಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ತೇವ. ಬೆಳಗಾವಿಯ ಮಳೆಗಾಲದಲ್ಲಿ ಕದ ಉಬ್ಬಿ ಮುಚ್ಚುವುದಿಲ್ಲ, ವಿಜಯಪುರದ ಬೇಸಿಗೆಯಲ್ಲಿ ಅದೇ ಕದ ಒಣಗಿ ಸಂದು ಬಿಡುತ್ತದೆ. ಅಮೆರಿಕದ ಉತ್ತರ ರಾಜ್ಯಗಳಲ್ಲಿ ಈ ಎರಡೂ ಒಂದೇ ಮನೆಯಲ್ಲಿ, ಒಂದೇ ವರ್ಷದಲ್ಲಿ ಆಗುತ್ತವೆ: ಬೇಸಿಗೆಯಲ್ಲಿ ಸೆಕೆ, ಚಳಿಗಾಲದಲ್ಲಿ ಹೀಟರ್‌ನ ಒಣ ಗಾಳಿ. ಹಾಗಾಗಿ ಮನೆಯೊಳಗಿನ ಪೀಠೋಪಕರಣಕ್ಕೆ ಭಟ್ಟಿಯಲ್ಲಿ ಒಣಗಿಸಿದ, 6ರಿಂದ 8 ಶೇಕಡಾ ತೇವದ ಕಟ್ಟಿಗೆಯನ್ನೇ ಕೇಳಿ. ಗಾಳಿಯಲ್ಲಿ ಒಣಗಿಸಿದ್ದಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಅಂದಾಜು ಲೆಕ್ಕವಿದೆ, ಆದರೂ ಅದು ಮನೆಯೊಳಗಿನ ಮಟ್ಟಕ್ಕೆ ಇಳಿದಿರುವುದಿಲ್ಲ. ಹಿತ್ತಲಿನಲ್ಲಿ ಸಣ್ಣ ಗರಗಸ ಇಟ್ಟುಕೊಂಡು ಬಿದ್ದ ಮರಗಳನ್ನು ಸೀಳಿ ಮಾರುವವರಿಂದ ಅಗ್ಗಕ್ಕೆ ಕೊಳ್ಳುವಾಗ ತೇವಮಾಪಕ ಜೇಬಿನಲ್ಲಿರಲಿ. ಅಗಲ ಹಲಗೆಯನ್ನು ಎಲ್ಲ ಕಡೆ ಅಂಟು ಹಾಕಿ ಬಿಗಿಯಬೇಡಿ. ಎರಡು ಅಡಿ ಅಗಲದ ಮೇಜಿನ ಮೇಲ್ಮೈ ಕಾಲು ಇಂಚು ಹಿಗ್ಗಿ ಕುಗ್ಗುವುದು ಸಾಮಾನ್ಯ, ಚೌಕಟ್ಟಿನಲ್ಲಿ ಕೊರೆದ ತೋಡಿನಲ್ಲಿ ಅದಕ್ಕೆ ಜಾಗ ಬಿಡಿ.

ಹಳೆಯ ಕೊಟ್ಟಿಗೆಗಳನ್ನು ಕಳಚಿದ ಓಕ್ ತೊಲೆಗಳೂ ಮಾರಾಟಕ್ಕೆ ಬರುತ್ತವೆ. ಹಳೆಯ ಬಾಗಲಕೋಟೆ ಮುಳುಗಡೆಯಾದಾಗ ತೊಲೆ, ಕಂಬ, ಕದಗಳನ್ನು ಕಳಚಿ ನವನಗರಕ್ಕೆ ಸಾಗಿಸಿದ ಮನೆತನದವರಿಗೆ ಇಂಥ ಕಟ್ಟಿಗೆಯ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಮೊಳೆಗಳನ್ನು ಮಾತ್ರ ಲೋಹಶೋಧಕದಿಂದ ಹುಡುಕಿ ಕೀಳಿ, ಮುರಿದ ಒಂದು ಮೊಳೆ ಗರಗಸದ ಹಲ್ಲನ್ನೆಲ್ಲ ತಿನ್ನುತ್ತದೆ. ಹಲಗೆಯ ಮೇಲೆ ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ, ಬಿಟ್ಟು ಬನ್ನಿ. ಆಶ್ ಮರಗಳನ್ನು ಕೊಲ್ಲುತ್ತಿರುವ ಹಸಿರು ಜೀರುಂಡೆ 2002ರಲ್ಲಿ ಮಿಶಿಗನ್‌ನಲ್ಲಿ ಪತ್ತೆಯಾಯಿತು. ತೊಗಟೆಯುಳ್ಳ ಸೌದೆಯನ್ನು ಊರಿಂದೂರಿಗೆ ಒಯ್ಯಬೇಡಿ ಎನ್ನುವುದು ಇಂಥ ಕೀಟಗಳ ಕಾರಣಕ್ಕೇ.

ಯಾರ್ಡ್‌ಗೆ ಹೋಗುವಾಗ ಕೈಗವಸು, ಟೇಪು, ಸೀಮೆಸುಣ್ಣ, ಬೇಕಾದ ತುಂಡುಗಳ ಪಟ್ಟಿ ಒಯ್ಯಿರಿ. ಹಲಗೆಯ ಒಂದು ತುದಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅಂಚಿನುದ್ದಕ್ಕೂ ನೋಡಿ. ಬಿಲ್ಲಿನಂತೆ ಬಾಗಿದ್ದನ್ನು ಗಿಡ್ಡ ತುಂಡು ಮಾಡಿ ಬಳಸಬಹುದು, ತಿರುಚಿದ್ದನ್ನು ಮುಟ್ಟಬೇಡಿ. ಒರಟು ಹಲಗೆಯಲ್ಲಿ ಎಳೆ ಕಾಣದಿದ್ದರೆ, ಅನುಮತಿ ಕೇಳಿ ಕೈರಂಧಾದಿಂದ ಬೆರಳಗಲ ಕೆರೆದು ನೋಡಬಹುದು. ತುದಿಯ ಸೀಳುಗಳಿಗೆ ಪ್ರತಿ ಕಡೆ ಮೂರ್ನಾಲ್ಕು ಇಂಚು ಹೋಯಿತೆಂದೇ ಎಣಿಸಿ. ಹತ್ತು ಹಲಗೆ ಇಳಿಸಿ ಎರಡನ್ನು ಆರಿಸಿದರೆ ಉಳಿದ ಎಂಟನ್ನು ಮೊದಲಿದ್ದಂತೆ ಪೇರಿಸಿ ಬನ್ನಿ. ಇಷ್ಟು ಮಾಡುವವರಿಗೆ ಮುಂದಿನ ಸಲ ಒಳಗಿನ ಗೋದಾಮಿನ ಬಾಗಿಲು ತೆರೆಯುತ್ತದೆ.

ಕಾರಿನಲ್ಲಿ ಎಂಟು ಅಡಿ ಹಿಡಿಸದಿದ್ದರೆ ಯಾರ್ಡ್‌ನಲ್ಲೇ ಕತ್ತರಿಸಿಕೊಡಲು ಕೇಳಿ, ಹಲಗೆ ಹಿಂದಕ್ಕೆ ಚಾಚಿದರೆ ಕೆಂಪು ಬಟ್ಟೆ ಕಟ್ಟಿ. ಮನೆಗೆ ತಂದದ್ದನ್ನು ಗೋಡೆಗೆ ಒರಗಿಸದೆ, ಗ್ಯಾರೇಜಿನ ಸಿಮೆಂಟಿನ ಮೇಲೂ ನೇರವಾಗಿ ಇಡದೆ, ಒಂದೂವರೆ ಅಡಿಗೊಂದರಂತೆ ಒಣ ಪಟ್ಟಿಗಳನ್ನು ಕೊಟ್ಟು ಮಟ್ಟಸವಾಗಿ ಪೇರಿಸಿ. ಸಾಧ್ಯವಾದರೆ ಮನೆಯೊಳಗೇ ಎರಡು ವಾರ ಇರಿಸಿ, ಆಮೇಲೆ ಗರಗಸ ಎತ್ತಿಕೊಳ್ಳಿ.